ಶಿಕ್ಷಕರ ಒಡನಾಟ, ಮಕ್ಕಳ ಸಾಧನೆ: ಗೇರುಸೊಪ್ಪದ ದಾರಿಯ ಒಂದು ಪಾಠ

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯ ಮೂಲಕ ಗೇರುಸೊಪ್ಪವನ್ನು ತಲುಪಿ, ಅಲ್ಲಿಂದ ಘಟ್ಟವನ್ನೇರಿ ಇಕ್ಕೇರಿಗೆ ಹೋದನು. ಕೆಳದಿಯ ಅರಸ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಪರಿವಾರದೊಡನೆ ಅವನ ಪ್ರಯಾಣ ಸಾಗಿತ್ತು. ದಾರಿಯಲ್ಲಿ ಸಾಮಾನು ಸರಂಜಾಮುಗಳು ಸಿದ್ಧವಾಗುವುದನ್ನು ಕಾಯುತ್ತ ಒಂದು ದೇವಾಲಯದ ಮೊಗಸಾಲೆಯಲ್ಲಿ ಕುಳಿತಿದ್ದಾಗ ಅವನ ಕಣ್ಣಿಗೆ ನಾಲ್ವರು ಹುಡುಗರು ಬಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ಹುಡುಗ ಲೆಕ್ಕದ ಪಾಠದ ಒಂದು ತುಣುಕನ್ನು ರಾಗವಾಗಿ ಹಾಡುತ್ತ ಬೆರಳಿನಿಂದ ಮರಳಿನಲ್ಲಿ ಅಂಕಿಯನ್ನು ಬರೆಯುತ್ತಿದ್ದ. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಿದ್ದರು. ಗುರುಗಳು ಹತ್ತಿರದಲ್ಲೆಲ್ಲೂ ಇರಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಪ್ರವಾಸಿ ಕೇಳಿದನು. ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ಮರೆತರೆ ಇನ್ನೊಬ್ಬನು ತಿದ್ದಲೆಂದೇ ಕೂಡಿ ಕಲಿಯುತ್ತೇವೆ ಎಂಬ ಅರ್ಥದ ಉತ್ತರವನ್ನು ಹುಡುಗರು ಕೊಟ್ಟರು. ಆ ಉತ್ತರ ಅವನಿಗೆ ಒಪ್ಪಿಗೆಯಾಯಿತು. ತನ್ನ ಪ್ರವಾಸಕಥನದಲ್ಲಿ ಅದನ್ನು ಮೆಚ್ಚಿ ದಾಖಲಿಸಿದನು.

ನಮ್ಮ ದೇಶೀಯ ಶಿಕ್ಷಣದ ಇತಿಹಾಸವನ್ನು ಬರೆದವರು ಈ ಪ್ರಸಂಗವನ್ನು ಮರಳ ಮೇಲಿನ ಬರವಣಿಗೆಗೂ ಬಾಯಿಪಾಠದ ಪದ್ಧತಿಗೂ ಸಾಕ್ಷಿಯಾಗಿ ಎತ್ತಿಕೊಳ್ಳುವುದುಂಟು. ಆದರೆ ಹುಡುಗರ ಉತ್ತರದಲ್ಲಿ ಇಂದಿನ ಪ್ರೌಢಶಾಲೆಯ ಶಿಕ್ಷಕರಿಗೆ ಸಲ್ಲುವ ಒಂದು ಪ್ರಶ್ನೆ ಅಡಗಿದೆ: ಶಿಕ್ಷಕರು ತಪ್ಪಿದರೆ ತಿದ್ದುವವರು ಯಾರು?

ಗೇರುಸೊಪ್ಪದಂತಹ ಊರಿನ ಪ್ರೌಢಶಾಲೆಯನ್ನು ಗಮನಿಸಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಉತ್ತರ ಕನ್ನಡದಲ್ಲಿ ಪ್ರೌಢಶಿಕ್ಷಣ ಬಹುಕಾಲ ಪಟ್ಟಣಗಳ ಸೊತ್ತಾಗಿತ್ತು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯ ಉದ್ದಗಲಕ್ಕೂ ಶಾಲೆಗಳನ್ನು ತೆರೆದದ್ದು, ಆಮೇಲೆ ಸರ್ಕಾರ ಹಳ್ಳಿಗಳಿಗೆ ಪ್ರೌಢಶಾಲೆಗಳನ್ನು ಕೊಟ್ಟದ್ದು, ಇವುಗಳಿಂದ ಹಳ್ಳಿಯ ಮಗುವಿಗೆ ಹತ್ತನೆಯ ತರಗತಿ ಕೈಗೆಟುಕಿತು. ಆದರೆ ಹಳ್ಳಿಯ ಶಾಲೆ ಚಿಕ್ಕದಾಗಿಯೇ ಇರುತ್ತದೆ. ಕನ್ನಡಕ್ಕೆ ಒಬ್ಬರು, ಇಂಗ್ಲಿಷಿಗೆ ಒಬ್ಬರು, ಹಿಂದಿಗೆ ಒಬ್ಬರು, ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು. ಇಂತಹ ಶಾಲೆಗಳ ಲೆಕ್ಕ ಸಾಮಾನ್ಯವಾಗಿ ಹೀಗೆಯೇ. ತಮ್ಮ ವಿಷಯವನ್ನು ಬಲ್ಲ ಇನ್ನೊಬ್ಬ ಶಿಕ್ಷಕರೊಡನೆ ಒಂದು ಪಾಠದ ಬಗ್ಗೆ ಮಾತನಾಡಬೇಕೆಂದರೆ ಇನ್ನೊಂದು ಶಾಲೆಗೇ ಹೋಗಬೇಕು. ಹೊನ್ನಾವರ ಪಟ್ಟಣವೋ ಸುಮಾರು 30 ಕಿಲೋಮೀಟರು ದೂರ. ಅಕ್ಕಪಕ್ಕದ ಕುರ್ಚಿಯವರು ಆತ್ಮೀಯರೇ, ಚಹಾ ಹಂಚಿಕೊಳ್ಳುವವರೇ. ಆದರೆ ತ್ರಿಕೋನಮಿತಿಯ ಒಂದು ಪ್ರಮೇಯ ತರಗತಿಯ ಅರ್ಧದಷ್ಟು ಮಕ್ಕಳಿಗೆ ಏಕೆ ತಲುಪಲಿಲ್ಲವೆಂದು ಹಿಂದಿ ಶಿಕ್ಷಕರನ್ನು ಕೇಳುವುದು ಹೇಗೆ ಎಂದು ಗಣಿತದವರು ಸುಮ್ಮನಾಗುತ್ತಾರೆ. ಹೀಗೆ ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿ, ತಮ್ಮ ಪಾಠವನ್ನು ಒಬ್ಬ ಸಹೋದ್ಯೋಗಿಯೂ ಕುಳಿತು ಕೇಳದೆ ನಿವೃತ್ತರಾಗುವವರಿದ್ದಾರೆ. ಅಧಿಕಾರಿಗಳ ತಪಾಸಣೆ ಬೇರೆ ಮಾತು. ಅದರಲ್ಲಿ ಹೆದರಿಕೆ ಹೆಚ್ಚು, ಕಲಿಕೆ ಕಡಿಮೆ.

ವಿಷಯಗಳ ನಡುವೆ ನಾವು ಹಾಕಿಕೊಂಡ ಗೋಡೆಗಳು ಮಗುವಿನ ತಲೆಯೊಳಗೆ ಇಲ್ಲವೆಂಬುದು ಇಲ್ಲಿ ಮೊದಲು ಅರಿಯಬೇಕಾದ ಸಂಗತಿ. ಗಣಿತದ ಅನ್ವಯ ಲೆಕ್ಕಗಳಲ್ಲಿ ಸೋಲುವ ಮಕ್ಕಳ ಉತ್ತರಪತ್ರಿಕೆಗಳನ್ನು ಕನ್ನಡ ಶಿಕ್ಷಕರು ಒಮ್ಮೆ ಓದಬೇಕು. ಅವರಲ್ಲಿ ಹಲವರಿಗೆ ಕೂಡು ಕಳೆ ಬರುತ್ತದೆ. ಪ್ರಶ್ನೆಯ ಉದ್ದನೆಯ ವಾಕ್ಯದಲ್ಲಿ ಯಾವುದು ಕೊಟ್ಟದ್ದು, ಯಾವುದು ಕೇಳಿದ್ದು ಎಂಬುದು ಬಿಡಿಸಿಕೊಳ್ಳಲು ಬರುವುದಿಲ್ಲ. ಅದು ವಾಕ್ಯದ ತೊಡಕು. ಅದನ್ನು ಬಿಡಿಸುವ ವಿದ್ಯೆ ಕನ್ನಡ ಶಿಕ್ಷಕರಲ್ಲಿದೆ. ಕನ್ನಡವನ್ನೇ ಓದಿದ ನನ್ನಂತಹವನಿಗೆ ಇದನ್ನು ಹೇಳಲು ಸ್ವಲ್ಪ ಪಕ್ಷಪಾತವೂ ಇರಬಹುದು. ಆದರೂ ಮಾತು ನಿಜ. ವಿಜ್ಞಾನದ ಸಂಗತಿ ಇನ್ನೂ ಸ್ಪಷ್ಟ. ಪರೀಕ್ಷೆಗೆ ವಿಜ್ಞಾನ ಒಂದೇ ಪತ್ರಿಕೆಯಾದರೂ ನಮ್ಮ ಬಹುತೇಕ ಪ್ರೌಢಶಾಲೆಗಳಲ್ಲಿ ಭೌತವಿಜ್ಞಾನದ ಪಾಠ ಗಣಿತದವರದು, ಜೀವವಿಜ್ಞಾನದ ಪಾಠ ಇನ್ನೊಬ್ಬರದು. ಇಬ್ಬರೂ ಕುಳಿತು ಮಾತನಾಡದಿದ್ದರೆ ಒಂದೇ ಮಗು ಒಂದೇ ಪತ್ರಿಕೆಗೆ ಎರಡು ಬಗೆಯಲ್ಲಿ ಉತ್ತರ ಬರೆಯಲು ಕಲಿಯುತ್ತದೆ.

ಯಕ್ಷಗಾನದ ನಾಡಾದ ಹೊನ್ನಾವರದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಗುಣವಂತೆಯಲ್ಲಿ ಮೇಳ ಕಟ್ಟಿದ ನೆಲವಿದು. ಜನ ಮನೆಗೆ ಮರಳುವಾಗ ವೇಷಧಾರಿಯ ಕುಣಿತವನ್ನು ಹೊಗಳುತ್ತಾರೆ. ಆದರೆ ಭಾಗವತರ ಪದ ಅರ್ಧ ತಾಳ ಹಿಂದುಮುಂದಾದರೆ ಆ ಕುಣಿತವಿಲ್ಲವೆಂಬುದು ವೇಷಧಾರಿಗೆ ಗೊತ್ತು. ಶಾಲೆಯಲ್ಲಿ ಹಿಮ್ಮೇಳದವರು ಯಾರೆಂದು ಗುರುತಿಸುವ ರೂಢಿ ನಮ್ಮಲ್ಲಿ ಬೆಳೆದಿಲ್ಲ.

ಬದಲಾಗಿ ಬೆಳೆದಿರುವುದು ಪೈಪೋಟಿ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದೊಡನೆ ಪ್ರತಿ ವಿಷಯದ ಶೇಕಡಾವಾರು ಪಟ್ಟಿ ಸಿದ್ಧವಾಗುತ್ತದೆ. ನೂರಕ್ಕೆ ನೂರು ತಂದ ವಿಷಯದ ಶಿಕ್ಷಕರಿಗೆ ಶಾಲು, ತರದವರಿಗೆ ಮೌನ. ಇದರ ಪರಿಣಾಮ ಜನವರಿಯಿಂದ ಮಾರ್ಚಿಯವರೆಗಿನ ವಿಶೇಷ ತರಗತಿಗಳಲ್ಲಿ ಕಾಣುತ್ತದೆ. ಬೆಳಗಿನ ಅವಧಿಗೆ ಗಣಿತ ಮತ್ತು ಇಂಗ್ಲಿಷ್ ಎರಡೂ ಕೈಚಾಚುತ್ತವೆ, ಸಂಜೆಯ ಅವಧಿಗೆ ವಿಜ್ಞಾನ ಮತ್ತು ಸಮಾಜ. ಕಾಡಿನಂಚಿನ ಮಜರೆಯಿಂದ ಬಸ್ಸು ಹಿಡಿದು ಬರುವ ಹುಡುಗಿ ಯಾರಿಗೂ ಇಲ್ಲವೆನ್ನಲಾರದೆ ಎಲ್ಲದಕ್ಕೂ ಕುಳಿತು, ಮನೆ ಸೇರುವಾಗ ಕತ್ತಲಾಗಿರುತ್ತದೆ. ಪ್ರತಿಯೊಬ್ಬ ಶಿಕ್ಷಕರೂ ಆಕೆಯ ಹಿತಕ್ಕಾಗಿಯೇ ಶ್ರಮಿಸಿದ್ದಾರೆ. ಆದರೆ ಆರು ಮಂದಿ ಒಂದು ದಿನ ಅರ್ಧ ಗಂಟೆ ಕೂಡಿ ಆಕೆಯ ವಾರವನ್ನು ಹಂಚಿಕೊಳ್ಳಲಿಲ್ಲ, ಅಷ್ಟೆ.

ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ 2023ರಲ್ಲಿ ಶೇ. 83.89 ಇದ್ದುದು, ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಟ್ಟ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಇಂತಹ ವರ್ಷಗಳಲ್ಲಿ ಶಿಕ್ಷಕರ ಕೋಣೆಯಲ್ಲಿ ಎರಡು ಬಗೆಯ ಮಾತು ಹುಟ್ಟಬಹುದು. ಯಾರ ವಿಷಯದಲ್ಲಿ ಎಷ್ಟು ಮಂದಿ ಹೋದರು ಎಂಬುದು ಒಂದು. ಈ ಹನ್ನೊಂದು ಮಕ್ಕಳು ಎಲ್ಲಿ ಎಡವಿದರು, ನಾವೆಲ್ಲ ಸೇರಿ ಏನು ಮಾಡೋಣ ಎಂಬುದು ಇನ್ನೊಂದು. ಮೊದಲನೆಯದು ತಾನಾಗಿಯೇ ಹುಟ್ಟುತ್ತದೆ. ಎರಡನೆಯದನ್ನು ಮುಖ್ಯೋಪಾಧ್ಯಾಯರೂ ಆಡಳಿತ ಮಂಡಳಿಯೂ ಹುಟ್ಟಿಸಬೇಕಾಗುತ್ತದೆ.

ಅಂತಹ ಮಾತು ನಮ್ಮ ನಾಡಿನಲ್ಲಿ ಹುಟ್ಟಿದ ನಿದರ್ಶನಗಳಿವೆ. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಯ ಶಿಕ್ಷಕರು ರಿಷಿವ್ಯಾಲಿಯ ಪದ್ಧತಿಯನ್ನು ನೋಡಿ ಬಂದು, ಕೂಡಿ ಕುಳಿತು, ತಮ್ಮ ಮಕ್ಕಳಿಗೆ ತಕ್ಕ ಕಲಿಕಾ ಕಾರ್ಡುಗಳನ್ನು ತಾವೇ ರಚಿಸಿದರು. ಅದೇ ಮುಂದೆ ರಾಜ್ಯದಾದ್ಯಂತ ಹರಡಿದ ನಲಿ-ಕಲಿ. ಪ್ರೌಢಶಾಲೆಗಳ ಮಟ್ಟದಲ್ಲಿ ಕಳೆದ ದಶಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ವಿಷಯ ಶಿಕ್ಷಕರ ವೇದಿಕೆಯನ್ನು ನಡೆಸಿತು. ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಮೊದಲುಗೊಂಡು ಅನೇಕರು ಗಣಕವನ್ನು ಕಲಿತು, ಜಿಯೋಜೀಬ್ರಾದಂತಹ ಮುಕ್ತ ತಂತ್ರಾಂಶಗಳಲ್ಲಿ ಪಾಠಗಳನ್ನು ಕಟ್ಟಿ, ಪರಸ್ಪರರ ಪ್ರಶ್ನೆಗಳಿಗೆ ಉತ್ತರಿಸಿದರು. ಅದರಿಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಕನ್ನಡ ಭಂಡಾರವೊಂದು ಬೆಳೆಯಿತು. ಇಲ್ಲಿ ಗಮನಿಸಬೇಕಾದದ್ದು ಯಂತ್ರವನ್ನಲ್ಲ. ದೂರದ ಊರಿನ ಒಂಟಿ ಗಣಿತ ಶಿಕ್ಷಕರಿಗೆ ಸಂದೇಹವನ್ನು ಕೇಳುವುದು ಅವಮಾನವಲ್ಲವೆಂಬ ಧೈರ್ಯ ಬಂದದ್ದು ದೊಡ್ಡ ಸಂಗತಿ.

ನಮ್ಮ ಸಮಾಜದ ನೆನಪಿನಲ್ಲಿರುವ ಇನ್ನೊಂದು ನಿದರ್ಶನವನ್ನು ಹೇಳದಿದ್ದರೆ ಲೋಪವಾದೀತು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದವರು ಏಳು ಮಂದಿ ತರುಣ ಶಿಕ್ಷಕರು: ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಎಚ್. ಎಫ್. ಕಟ್ಟೀಮನಿ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ವಿ. ವಿ. ಪಾಟೀಲ. ಅವರನ್ನು ಸಪ್ತರ್ಷಿಗಳೆಂದು ಕರೆಯುವುದು ವಾಡಿಕೆ. ಗೌರವದ ಮಾತೇ ಸರಿ. ಆದರೆ ಋಷಿಗಳೆಂದು ಕೈಮುಗಿದು ದೂರವಿಟ್ಟರೆ ಅವರಿಂದ ಕಲಿಯುವುದು ಕಷ್ಟ. ಅವರು ಒಂದು ಶಾಲೆಯನ್ನು ನಡೆಸಿದ ಉಪಾಧ್ಯಾಯರು. ಆ ಶಾಲೆ ಇಂದು ದೊಡ್ಡ ವಿದ್ಯಾಸಂಸ್ಥೆಯಾಗಿ ನಿಂತಿದೆ. ಆ ಏಳು ಹೆಸರುಗಳಲ್ಲಿ ಯಾವುದು ಮೊದಲು, ಯಾವುದು ಕೊನೆ ಎಂದು ಇಂದಿಗೂ ಯಾರೂ ಲೆಕ್ಕ ಹಾಕುವುದಿಲ್ಲ.

ಗೇರುಸೊಪ್ಪದ ಶಾಲೆಯೊಂದು ಕೂಡಿ ಪಾಠ ಮಾಡಲು ಹೊರಟರೆ ವಸ್ತುವಿಗಾಗಿ ಬೇರೆಡೆ ಹೋಗಬೇಕಾಗಿಲ್ಲ, ಶರಾವತಿಯೊಂದೇ ಸಾಕು. 1964ರಲ್ಲಿ ಮುಗಿದ ಲಿಂಗನಮಕ್ಕಿಯ ನೀರು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸಿ 1035 ಮೆಗಾವ್ಯಾಟ್ ಸಾಮರ್ಥ್ಯವನ್ನು ಕೊಡುತ್ತದೆ. ಹಾಗೆ ಹೊರಬಿದ್ದ ನೀರನ್ನೇ ಗೇರುಸೊಪ್ಪದ ಅಣೆಕಟ್ಟು ಮತ್ತೆ ಹಿಡಿದು 60 ಮೆಗಾವ್ಯಾಟಿನ ನಾಲ್ಕು ಯಂತ್ರಗಳಿಗೆ ಒದಗಿಸುತ್ತದೆ. ಒಂದೇ ನೀರು ಎರಡು ಬಾರಿ ದುಡಿಯುವುದು ಹೇಗೆಂದು ಭೌತವಿಜ್ಞಾನದವರು ಹೇಳಲಿ, ಅಂಕಿಗಳನ್ನು ಗಣಿತದವರು ತೆಗೆದುಕೊಳ್ಳಲಿ. ಮುಳುಗಡೆಯ ಕುಟುಂಬಗಳ ಪಾಡನ್ನು ನಾ. ಡಿಸೋಜರ ‘ದ್ವೀಪ’ ಕಾದಂಬರಿಯಿಂದ ಕನ್ನಡದವರು ಓದಿಸಲಿ. ಇದೇ ಕಣಿವೆ 2019ರಲ್ಲಿ ಸಿಂಗಳೀಕ ಅಭಯಾರಣ್ಯವಾದದ್ದು ಏಕೆಂದು ಜೀವವಿಜ್ಞಾನದವರು ತಿಳಿಸಲಿ. 1552ರಿಂದ 1606ರವರೆಗೆ ಆಳಿದ ರಾಣಿ ಚೆನ್ನಭೈರಾದೇವಿಯ ಮೆಣಸಿನ ವ್ಯಾಪಾರ ಮತ್ತು ಚತುರ್ಮುಖ ಬಸದಿ ಸಮಾಜ ವಿಜ್ಞಾನದ ಪಾಲಿಗೆ ಬರಲಿ. ಆಕೆಯ ಕಾಲದ ಅನಂತರದ ಗೇರುಸೊಪ್ಪವನ್ನು ಕಂಡ ದೆಲ್ಲಾ ವಾಲ್ಲೆಯ ಬರಹದ ಇಂಗ್ಲಿಷ್ ಅನುವಾದವನ್ನು ಇಂಗ್ಲಿಷ್ ಶಿಕ್ಷಕರು ಪಾಠ ಮಾಡಲಿ. ಒಂದು ವಾರ ಸಾಕು. ಮಕ್ಕಳು ಕೊನೆಯಲ್ಲಿ ಬರೆಯುವ ಒಂದು ಪ್ರಬಂಧವನ್ನು ಆರೂ ಶಿಕ್ಷಕರು ಓದಿದರೆ, ಆ ಮಗುವಿನ ಬಗ್ಗೆ ಮಾತನಾಡಲು ಆರು ಮಂದಿಗೂ ಒಂದೇ ಕಾಗದ ಕೈಯಲ್ಲಿರುತ್ತದೆ. ಪ್ರತಿವಾರ ಸಭೆ ಕರೆದು ನಡಾವಳಿ ಬರೆಯುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ. ಸಹಕಾರವನ್ನು ಸುತ್ತೋಲೆಯಿಂದ ತರಲಾಗದು. ಕೂಡಿ ಮಾಡಬೇಕಾದ ಒಂದು ಕೆಲಸವನ್ನು ಎದುರಿಗಿಟ್ಟರೆ ಅದು ಬರುತ್ತದೆ.

ಈಗ ಸಂಭ್ರಮದ ಮಾತು. ಮಠಗಳು, ಸಂಘಸಂಸ್ಥೆಗಳು, ಸಮಾಜಗಳು ಪ್ರತಿವರ್ಷ ಪ್ರತಿಭಾ ಪುರಸ್ಕಾರಗಳನ್ನು ಏರ್ಪಡಿಸುತ್ತವೆ. ಶೇ. 90 ಅಥವಾ 95ರ ಗಡಿ ಹಾಕಿ ಅರ್ಜಿ ಕರೆಯುವುದು ಸುಲಭ, ಲೆಕ್ಕವೂ ನಿಚ್ಚಳ. 625ಕ್ಕೆ 620 ಪಡೆದ ಮಗುವನ್ನು ಹೊಗಳುವುದರಲ್ಲಿ ತಪ್ಪೇನೂ ಇಲ್ಲ. ಆ ಶ್ರಮ ನಿಜವಾದದ್ದು. ಆದರೆ ವೇದಿಕೆಯ ಮೇಲೆ ಓದುವುದು ಅಂಕವನ್ನು ಮಾತ್ರವಾದರೆ ಸಭೆಯಲ್ಲಿ ಕುಳಿತ ಶಿಕ್ಷಕರಿಗೆ ಅದರಿಂದ ಕಲಿಯುವುದು ಏನೂ ಇರುವುದಿಲ್ಲ. ಮಗು ಮಾಡಿದ್ದೇನು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಿದರೆ ಮಾತಿನ ಬಣ್ಣವೇ ಬದಲಾಗುತ್ತದೆ. ಎಂಟನೆಯ ತರಗತಿಗೆ ಬಂದಾಗ ತಡವರಿಸಿ ಓದುತ್ತಿದ್ದ ಹುಡುಗ ಸಮಾಜ ವಿಜ್ಞಾನದ ಪುಟಗಳನ್ನು ಒಬ್ಬನೇ ಓದಿ ಟಿಪ್ಪಣಿ ಮಾಡುವಂತಾದದ್ದು ಅಂಕಪಟ್ಟಿಯಲ್ಲಿ ಕಾಣದ ಸಾಧನೆ. ಅದರ ಹಿಂದೆ ಮೂರು ವರ್ಷ, ಇಬ್ಬರು ಮೂವರು ಶಿಕ್ಷಕರು, ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ಕಲಿಸಿದ ಒಬ್ಬರು ಇರುತ್ತಾರೆ. ಅವರೆಲ್ಲರನ್ನೂ ಹೆಸರಿಸಿ ಕರೆದರೆ ಸಹಕಾರವನ್ನು ಕುರಿತು ಪ್ರತ್ಯೇಕ ಉಪನ್ಯಾಸದ ಅಗತ್ಯವೇ ಬೀಳದು.

ಕಾರ್ಯಕ್ರಮದ ದಿನಾಂಕವೂ ಒಂದು ವಿಚಾರ. 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದು, ಮೊದಲ ಪರೀಕ್ಷೆಯಲ್ಲಿ ಹಿಂದುಳಿದವರಿಗೆ ವರ್ಷ ಕಳೆದುಕೊಳ್ಳದೆ ಮತ್ತೆ ಬರೆಯುವ ಅವಕಾಶ ದೊರೆಯಿತು. ಆ ಎರಡನೆಯ ಅವಕಾಶಕ್ಕೆ ಮಕ್ಕಳನ್ನು ಸಜ್ಜುಗೊಳಿಸಲು ಶಿಕ್ಷಕರು ತಮ್ಮ ರಜೆಯನ್ನು ಬಿಟ್ಟು ಬರುತ್ತಾರೆ, ಮನೆಮನೆಗೆ ಹೋಗಿ ಮಗುವನ್ನು ಒಪ್ಪಿಸಿ ಕರೆತರುತ್ತಾರೆ, ಒಬ್ಬರ ಅವಧಿಯಲ್ಲಿ ಇನ್ನೊಬ್ಬರು ಕುಳಿತು ಸಹಾಯ ಮಾಡುತ್ತಾರೆ. ವರ್ಷದಲ್ಲಿ ಶಿಕ್ಷಕರು ಅತಿ ಹೆಚ್ಚು ಕೂಡಿ ದುಡಿಯುವ ಕಾಲವೇ ಅದು. ಆದರೆ ನಮ್ಮ ಸನ್ಮಾನದ ಪಟ್ಟಿಗಳು ಮೊದಲ ಫಲಿತಾಂಶದೊಂದಿಗೇ ಮುಚ್ಚಿಹೋಗುತ್ತವೆ. ಎರಡನೆಯ ಪರೀಕ್ಷೆಯಲ್ಲಿ ಗಣಿತವನ್ನು ದಾಟಿ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗೆ ಒಂದು ಹೂವೂ ಸಿಗುವುದಿಲ್ಲ. ಆಕೆಗೆ ಪಾಠ ಹೇಳಿದವರಿಗೆ ಒಂದು ಮಾತೂ ಸಿಗುವುದಿಲ್ಲ. ಆಕೆ ಶಾಲೆ ಬಿಟ್ಟಿದ್ದರೆ ಆ ಮನೆಯಲ್ಲಿ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಆದುದರಿಂದ ಪುರಸ್ಕಾರಗಳನ್ನು ಏರ್ಪಡಿಸುವ ಸಂಸ್ಥೆಗಳಿಗೆ ಒಂದು ವಿನಂತಿ. ಕಾರ್ಯಕ್ರಮವನ್ನು ಮುಂದಿನ ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ಇಟ್ಟುಕೊಳ್ಳಬೇಕು. ಅರ್ಜಿಯ ನಮೂನೆಯಲ್ಲಿ ಅಂಕಪಟ್ಟಿಯ ನಕಲಿನ ಜೊತೆಗೆ ಒಂದು ಸಾಲು ಜಾಗ ಬಿಟ್ಟು, ತನ್ನ ಓದಿಗೆ ನೆರವಾದ ಶಿಕ್ಷಕರು ಯಾರು, ಯಾವ ಕಷ್ಟದಲ್ಲಿ ನೆರವಾದರು ಎಂದು ಮಗುವೇ ಬರೆಯುವಂತೆ ಮಾಡಬೇಕು. ಆ ಸಾಲುಗಳನ್ನು ಸಭೆಯಲ್ಲಿ ಓದುವ ಹೊಣೆಯನ್ನು ಆಯಾ ಶಾಲೆಯ ಬೇರೊಂದು ವಿಷಯದ ಶಿಕ್ಷಕರಿಗೆ ವಹಿಸಬೇಕು: ಗಣಿತದವರ ಶ್ರಮವನ್ನು ಕನ್ನಡದವರು ಓದಲಿ, ಕನ್ನಡದವರದನ್ನು ದೈಹಿಕ ಶಿಕ್ಷಣದವರು ಓದಲಿ.