ಭಯೋತ್ಪಾದನೆಯ ಮೂಲ ಮತ್ತು ನಿವಾರಣೆ: ಗದಗ ಸೀಮೆಯ ಕೆಲವು ನಿದರ್ಶನಗಳು

ಭಯೋತ್ಪಾದನೆ ಎಂಬ ಪದವು ನಮ್ಮ ನುಡಿಗೆ ಈಚಿನದು. ಭಯ ಮತ್ತು ಉತ್ಪಾದನೆ ಎಂಬ ಎರಡು ಸಂಸ್ಕೃತ ಶಬ್ದಗಳು ಕೂಡಿ ಆದ ಈ ಸಮಾಸದಲ್ಲಿ ಒಂದು ವಿಶೇಷಾರ್ಥ ಅಡಗಿದೆ. ಸಾಮಾನ್ಯ ಕೊಲೆಗಾರನಿಗೆ ಸತ್ತವನೇ ಗುರಿ. ಭಯೋತ್ಪಾದಕನಿಗಾದರೋ ಬದುಕಿ ಉಳಿದವರು ಗುರಿ. ಸತ್ತವರನ್ನು ಸಾಧನ ಮಾಡಿಕೊಂಡು ಉಳಿದವರ ಎದೆಯಲ್ಲಿ ಅಂಜಿಕೆಯನ್ನು ಹುಟ್ಟಿಸುವುದೇ ಅವನ ಕಾರ್ಯ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನಲ್ಲಿ 26 ಜನ ಹತರಾದರು. ಅವರಲ್ಲಿ ಕನ್ನಡಿಗರೂ ಇದ್ದರು. ಅಂದು ಆ ಅಂಜಿಕೆ ಕಾಶ್ಮೀರದಿಂದ ಹೊರಟು ಕನ್ನಡ ನಾಡಿನ ಮನೆಗಳವರೆಗೂ ಬಂದು ಮುಟ್ಟಿತು.

ಇಂಥ ಕೃತ್ಯವನ್ನು ತಡೆಯುವುದು ಹೇಗೆಂಬ ಪ್ರಶ್ನೆಯೊಡನೆ, ಅದು ಹುಟ್ಟುವುದು ಎಲ್ಲಿ ಎಂಬ ಪ್ರಶ್ನೆಯೂ ಬರುತ್ತದೆ. ವಚನಾಭ್ಯಾಸಿಗಳಿಗೆ ಇಲ್ಲಿ ಬಸವಣ್ಣನವರು ಏಳು ನಿಷೇಧಗಳನ್ನು ಸಾರಿದ ಪ್ರಸಿದ್ಧ ವಚನವು ನೆನಪಾಗುವುದು ಸಹಜ. ಅದರ ಅನುಕ್ರಮವನ್ನು ಬಹುಜನ ಗಮನಿಸಿದಂತಿಲ್ಲ. ಮೊದಲು ಬರುವ ಕಳವು, ಕೊಲೆ, ಹುಸಿ ಈ ಮೂರೂ ಹೊರಗೆ ಕಾಣುವ ಅಪರಾಧಗಳು. ದಂಡನೀತಿಯ ಕೈಗೆ ಸಿಗುವಂಥವು. ಆಮೇಲೆ ಬರುವ ಮುನಿಸು, ಅನ್ಯರ ವಿಷಯದ ಹೇಸಿಕೆ, ಆತ್ಮಪ್ರಶಂಸೆ, ಪರನಿಂದೆ ಇವುಗಳನ್ನು ಯಾವ ನ್ಯಾಯಾಲಯವೂ ಸುಲಭವಾಗಿ ಹಿಡಿಯಲಾರದು. ಆದರೆ ಕೊಲೆಗೆ ಕೈಯೆತ್ತುವವನು ಈ ನಾಲ್ಕು ಮೆಟ್ಟಿಲುಗಳನ್ನು ಹತ್ತಿಯೇ ಬಂದಿರುತ್ತಾನೆ. ಕೃತ್ಯವನ್ನೂ ಅದರ ಬೇರನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿ, ಒಳಗಿನ ಹಾಗೂ ಹೊರಗಿನ ಶುದ್ಧಿ ಬೇರೆಬೇರೆಯಲ್ಲವೆಂದು ತೋರಿಸಿದುದು ಆ ವಚನದ ಹಿರಿಮೆ. ಹಾಗೆಂದು ವಿಶ್ವಸಂಸ್ಥೆಯ ನಿರ್ಣಯಗಳೆಲ್ಲ ಹನ್ನೆರಡನೆಯ ಶತಮಾನದಲ್ಲಿಯೇ ಇದ್ದವೆಂದು ಸಾಧಿಸುವ ಉತ್ಸಾಹ ಬೇಡ. ರಾಷ್ಟ್ರಗಳು ತಮ್ಮದೇ ದಾರಿಯಲ್ಲಿ, ಬಹಳ ತಡವಾಗಿ, ಈ ವಿಚಾರಕ್ಕೆ ಬಂದವು.

1934ರಲ್ಲಿ ಯುಗೋಸ್ಲಾವಿಯದ ದೊರೆ ಅಲೆಗ್ಸಾಂಡರನು ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ ಹತನಾದ ಮೇಲೆ ಅಂದಿನ ರಾಷ್ಟ್ರಸಂಘವು 1937ರಲ್ಲಿ ಭಯೋತ್ಪಾದನೆಯ ವಿರುದ್ಧ ಮೊದಲ ಒಪ್ಪಂದವನ್ನು ರಚಿಸಿತು. ಅದಕ್ಕೆ ಪೂರ್ಣಾನುಮೋದನೆ ಕೊಟ್ಟ ದೇಶ ಒಂದೇ ಒಂದು: ಬ್ರಿಟಿಷರ ಆಳಿಕೆಯಲ್ಲಿದ್ದ ಭಾರತ. ನಮ್ಮ ಕ್ರಾಂತಿಕಾರಿಗಳ ಮೇಲೆ ಬಳಸಲು ಬೇಕಾದ ಒಂದು ಅಸ್ತ್ರವು ಅದರಲ್ಲಿ ಆ ಸರಕಾರಕ್ಕೆ ಕಂಡಿರಬೇಕು. ಒಪ್ಪಂದ ಜಾರಿಗೆ ಬರಲೇ ಇಲ್ಲ. ಮುಂದೆ 2001ರ ಸೆಪ್ಟೆಂಬರ್ 11ರ ದಾಳಿಯ ತರುವಾಯ, ಅದೇ ತಿಂಗಳ 28ರಂದು ಭದ್ರತಾ ಮಂಡಳಿಯು ತನ್ನ 1373ನೆಯ ನಿರ್ಣಯದ ಮೂಲಕ ಭಯೋತ್ಪಾದಕರಿಗೆ ಹಣ ಮತ್ತು ಆಶ್ರಯ ಸಿಗದಂತೆ ಮಾಡುವ ಹೊಣೆಯನ್ನು ಎಲ್ಲ ರಾಷ್ಟ್ರಗಳ ಮೇಲೆ ಹೊರಿಸಿತು. ಇದು ಹೊರಗಿನ ತಡೆ. 2006ರ ಸೆಪ್ಟೆಂಬರ್ 8ರಂದು ಮಹಾಸಭೆಯು ಸರ್ವಾನುಮತದಿಂದ ಅಂಗೀಕರಿಸಿದ ಜಾಗತಿಕ ಕಾರ್ಯನೀತಿಯಲ್ಲಿ ಒಳಗಿನ ವಿಚಾರವೂ ಸೇರಿತು. ಅದರ ನಾಲ್ಕು ಸ್ತಂಭಗಳಲ್ಲಿ ಮೊದಲನೆಯದೇ ಭಯೋತ್ಪಾದನೆ ಹರಡಲು ಅನುಕೂಲವಾದ ಸ್ಥಿತಿಗಳ ನಿವಾರಣೆ: ಬಗೆಹರಿಯದೆ ಉಳಿದ ಕಲಹ, ಅನ್ಯಾಯ, ಜನಾಂಗ ಹಾಗೂ ಧರ್ಮದ ಹೆಸರಿನ ತಾರತಮ್ಯ, ಮನುಷ್ಯರನ್ನು ಮನುಷ್ಯರಲ್ಲವೆಂದು ಕಾಣುವ ಮನೋಭಾವ. ಇಂಥ ಕಾರಣಗಳಿದ್ದರೂ ಕೃತ್ಯವು ಸಮರ್ಥನೀಯವಾಗದು ಎಂದೂ ಅದು ಸ್ಪಷ್ಟಪಡಿಸಿತು. ತಡೆ ಮತ್ತು ಶಿಕ್ಷೆ, ರಾಷ್ಟ್ರಗಳ ಸಾಮರ್ಥ್ಯವರ್ಧನೆ, ಮಾನವ ಹಕ್ಕುಗಳ ರಕ್ಷಣೆ ಉಳಿದ ಮೂರು.

ಸಹಕಾರದ ಫಲ ಎಷ್ಟು ನಿಧಾನವೆಂಬುದಕ್ಕೆ ಒಂದು ಉದಾಹರಣೆ ಸಾಕು. 2008ರ ನವೆಂಬರಿನ ಮುಂಬಯಿ ದಾಳಿಯಲ್ಲಿ 166 ಜನ ಸತ್ತರು. ಆ ಪ್ರಕರಣದ ಆರೋಪಿಗಳಲ್ಲೊಬ್ಬನಾದ ತಹವ್ವುರ್ ರಾಣಾನನ್ನು ಅಮೆರಿಕವು ಭಾರತಕ್ಕೆ ಒಪ್ಪಿಸಿದುದು 2025ರ ಏಪ್ರಿಲಿನಲ್ಲಿ. ನಡುವೆ ಹದಿನಾರು ವರ್ಷಗಳು ಕಳೆದಿದ್ದವು. ಇನ್ನು ಭಾರತವು 1996ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟ ಸಮಗ್ರ ಒಪ್ಪಂದದ ಕರಡು ಇಂದಿಗೂ ಅಂಗೀಕಾರಗೊಂಡಿಲ್ಲ. ಭಯೋತ್ಪಾದಕನೆಂದರೆ ಯಾರು ಎಂಬಲ್ಲಿಯೇ ಒಮ್ಮತವಿಲ್ಲ. ಪರರ ಆಳಿಕೆಯ ವಿರುದ್ಧ ಹೋರಾಡುವವರನ್ನೂ ಆ ಹೆಸರಿನಿಂದ ಕರೆಯಬಹುದೇ ಎಂಬುದು ಮುಖ್ಯ ತೊಡಕು.

ಈ ತೊಡಕನ್ನು ಅರಿಯಲು ನ್ಯೂಯಾರ್ಕಿನವರೆಗೆ ಹೋಗಬೇಕಾಗಿಲ್ಲ. ಮುಂಡರಗಿಯ ಭೀಮರಾಯರ ಚರಿತ್ರೆಯಲ್ಲಿ ಅದು ಹಾಗೆಯೇ ಇದೆ. 1858ರಲ್ಲಿ ಅವರು ಹಮ್ಮಿಗಿಯ ಕೆಂಚನಗೌಡರೊಡನೆ ಬಂಡೆದ್ದು ಕೊಪ್ಪಳದ ಕೋಟೆಯನ್ನು ಹಿಡಿದು ಅಲ್ಲಿಯೇ ಮಡಿದರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬರ ಕಡೆಯವರು ಸುರೇಬಾನದಲ್ಲಿ ಕಂಪನಿಯ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದರು. ಬಾಬಾಸಾಹೇಬರಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಕಂಪನಿ ಸರಕಾರದ ಕಡತದಲ್ಲಿ ಇವರು ಬಂಡುಕೋರರು. ಈ ಭಾಗದ ಜನರಿಗೆ ವೀರರು. ಎರಡು ಹೆಸರುಗಳ ನಡುವೆ ನಿಂತು ಯೋಚಿಸುವವನು ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಅವರ ಶಸ್ತ್ರ ಆಳುವ ಅಧಿಕಾರದ ಮೇಲೆ ಎತ್ತಿದ್ದು. ಸಂತೆಗೆ ಬಂದ ನಿರಾಯುಧ ಜನರ ಮೇಲಲ್ಲ. ಈ ಗೆರೆಯನ್ನು ಅಳಿಸಿದರೆ ಭಯೋತ್ಪಾದಕನೂ ತನ್ನನ್ನು ಭೀಮರಾಯನೆಂದು ಕರೆದುಕೊಂಡಾನು. ಎರಡನೆಯದಾಗಿ, ಶಸ್ತ್ರಕ್ಕೆ ಮುಂಚೆ ಅಲ್ಲಿ ದೂರುಗಳಿದ್ದವು. ದತ್ತಕದ ನಿರಾಕರಣೆ, ಇನಾಮುಗಳ ತನಿಖೆ, 1857ರಲ್ಲಿ ಹಲಗಲಿಯ ಬೇಡರನ್ನು ಕೆರಳಿಸಿದ ನಿಶ್ಶಸ್ತ್ರೀಕರಣದ ಕಾಯಿದೆ ಇವು ಯಾವುವನ್ನೂ ಹೇಳಿಕೊಂಡು ನ್ಯಾಯ ಪಡೆಯುವ ಜಾಗ ಇಲ್ಲವಾಗಿತ್ತು. ಕೇಳುವ ಕಿವಿಯಿಲ್ಲದ ಕಡೆ ದೂರು ಬಹಳ ಕಾಲ ದೂರಾಗಿಯೇ ಉಳಿಯದು.

ಹಿಂಸೆ ಎಂದೂ ಹೊರಗಿನವರಿಂದ ಮಾತ್ರ ಬರುತ್ತದೆಂದು ನಂಬುವವರು ಲಕ್ಷ್ಮೇಶ್ವರದ ಸಾಹಿತ್ಯ ಸ್ಮೃತಿಯನ್ನು ಒಮ್ಮೆ ತಿರುವಿ ನೋಡಬೇಕು. ಪಂಪನು ತಿರುಳ್ಗನ್ನಡದ ನೆಲೆಯೆಂದು ಹೆಸರಿಸಿದ ಪುಲಿಗೆರೆಯೇ ಈ ಊರು. ಸೋಮೇಶ್ವರ ದೇವಾಲಯ, ಜೈನ ಬಸದಿಗಳು, ದೂದಪೀರರ ದರ್ಗಾ ಎಲ್ಲವೂ ಇಲ್ಲಿವೆ. ಹರಿಹರನ ಆದಯ್ಯನ ರಗಳೆ, ರಾಘವಾಂಕನ ಸೋಮನಾಥ ಚರಿತೆ ಈ ಊರನ್ನೇ ಕುರಿತವು. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯನು ಜೈನ ಮನೆತನದ ಪದ್ಮಾವತಿಯನ್ನು ವರಿಸುತ್ತಾನೆ. ಮುಂದೆ ಸುರಹೊನ್ನೆಯ ಬಸದಿಯಲ್ಲಿ ಜಿನಬಿಂಬವು ಭಗ್ನವಾಗಿ ಸೋಮನಾಥನು ನೆಲೆಗೊಳ್ಳುತ್ತಾನೆ. ಅಷ್ಟು ದೊಡ್ಡ ಕಲಹ ಆರಂಭವಾದುದು ಎಲ್ಲಿಂದ? ಮಾವನ ಮನೆಯಲ್ಲಿ, ಉಣಲು ಬಂದ ಶಿವಭಕ್ತರಿಗೆ ಅನ್ನದ ವಿಷಯದಲ್ಲಿ ಆದ ಅವಮಾನದಿಂದ. ಕವಿಗಳು ಇದನ್ನು ಭಕ್ತಿಯ ವಿಜಯವೆಂದು ಹಾಡಿದರು. ಇಂದಿನ ಓದುಗ ಅದರ ಕಾವ್ಯಗುಣಕ್ಕೆ ತಲೆದೂಗುತ್ತಲೇ, ಪರರ ಪೂಜಾಸ್ಥಾನ ಮುರಿದುದನ್ನು ಅನುಕರಣೀಯವೆನ್ನದೆ, ಅದನ್ನು ಅವಮಾನದ ಬೆಳೆಯೆಂದು ಓದುವುದು ಯುಕ್ತ. ಪರಧರ್ಮದ ದ್ವೇಷವನ್ನು ಖಂಡಿಸುವ ಅಧಿಕಾರ ಸ್ವಧರ್ಮದ ಇಂಥ ಪುಟಗಳನ್ನು ಮುಚ್ಚಿಡದವನಿಗೇ ಸಲ್ಲುತ್ತದೆ.

ಲಕ್ಷ್ಮೇಶ್ವರಕ್ಕೆ ಹತ್ತಿರದ ಶಿರಹಟ್ಟಿಯಲ್ಲಿ ಇದಕ್ಕೆ ಪ್ರತಿಯಾದ ಇನ್ನೊಂದು ಪರಂಪರೆ ಬೆಳೆಯಿತು. ಅಲ್ಲಿಯ ಫಕೀರೇಶ್ವರ ಮಠದ ಹೆಸರನ್ನು ಬಿಡಿಸಿದರೆ ಸಾಕು: ಫಕೀರ ಎಂಬುದು ಅರಬ್ಬೀ ಶಬ್ದ, ಈಶ್ವರ ಎಂಬುದು ಸಂಸ್ಕೃತ. ವ್ಯಾಕರಣಕಾರರು ಇಂಥ ಸಮಾಸವನ್ನು ಅರಿಸಮಾಸವೆಂದು ದೋಷಪಕ್ಷದಲ್ಲಿ ಇಟ್ಟಾರು. ಜನ ಅದನ್ನು ದೇವರ ಹೆಸರಾಗಿ ಕರೆಯುತ್ತ ಬಂದಿದ್ದಾರೆ. ದ್ವೇಷವನ್ನು ತೊರೆದು ಪ್ರೀತಿಯನ್ನು ಬೆಳೆಸಬೇಕೆಂಬುದೇ ಆ ಪೀಠದ ಉಪದೇಶ. ಹಿಂದೂಗಳೂ ಮುಸಲ್ಮಾನರೂ ಅದಕ್ಕೆ ನಡೆದುಕೊಳ್ಳುತ್ತಾರೆ.

ಇಷ್ಟೆಲ್ಲ ಇದ್ದೂ ಈ ಸೀಮೆ ಹಿಂಸೆಗೆ ಹೊರತಾಗಲಿಲ್ಲ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ, ತಮ್ಮ ಮನೆಯಲ್ಲಿಯೇ, ಡಾ. ಎಂ. ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳ ಪ್ರಧಾನ ಸಂಪಾದಕರಾಗಿದ್ದ ಅವರು ವಚನಗಳನ್ನು ಮನೆಮನೆಗೆ ಮುಟ್ಟಿಸಿದವರು. ಅವರ ಅಭಿಪ್ರಾಯಗಳನ್ನು ಒಪ್ಪದವರು ಬಹಳ ಜನರಿದ್ದರು. ಅದಕ್ಕೆ ಉತ್ತರವಾಗಿ ಬರೆದವರೂ ಇದ್ದರು. ಬರಹಕ್ಕೆ ಬರಹ ಉತ್ತರವಾಗುವ ತನಕ ಅದು ಅನುಭವ ಮಂಟಪದ ರೀತಿ. ಅಂದು ಆ ರೀತಿ ಮುರಿದುಬಿತ್ತು. ಕೊಂದುದು ಒಬ್ಬರನ್ನು, ಅಂಜಿಸಲೆಳಸಿದುದು ಲೇಖನಿ ಹಿಡಿದ ಎಲ್ಲರನ್ನು.

ಕಲಬುರ್ಗಿಯವರ ವಿದ್ವತ್ತಿಗೆ ಆಸರೆಯಾಗಿದ್ದ ಸಂಸ್ಥೆಗಳಲ್ಲಿ ಗದುಗಿನ ತೋಂಟದಾರ್ಯ ಮಠವೂ ಒಂದು. ಅದರ ಪೀಠದಲ್ಲಿ 1974ರಿಂದ 2018ರಲ್ಲಿ ಲಿಂಗೈಕ್ಯರಾಗುವವರೆಗೆ ಇದ್ದ ಪೂಜ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳವರಿಗೆ 2001ರ ರಾಷ್ಟ್ರೀಯ ಕೋಮುಸೌಹಾರ್ದ ಪ್ರಶಸ್ತಿ ಸಂದಿತ್ತು. ಪ್ರಶಸ್ತಿಗಿಂತಲೂ ಪ್ರಸ್ತುತ ವಿಷಯಕ್ಕೆ ಹತ್ತಿರವಾದುದು 2011ರ ಹಳ್ಳಿಗುಡಿಯ ಪ್ರಸಂಗ. ಭೀಮರಾಯರ ಅದೇ ಮುಂಡರಗಿ ಸೀಮೆಯ ಈ ಹಳ್ಳಿಯ ಸುತ್ತ, ದಕ್ಷಿಣ ಕೊರಿಯದ ಪೋಸ್ಕೋ ಕಂಪನಿಯ ಉಕ್ಕಿನ ಕಾರಖಾನೆಗಾಗಿ ಮೂರು ಸಾವಿರಕ್ಕೂ ಮಿಕ್ಕಿ ಎಕರೆ ಹೊಲವನ್ನು ವಶಪಡಿಸಿಕೊಳ್ಳುವ ಸಿದ್ಧತೆ ನಡೆದಿತ್ತು. ಎರೆ ಭೂಮಿಯನ್ನು ನಂಬಿ ಬದುಕಿದ ಒಕ್ಕಲಿಗನಿಗೆ ಅದು ಅಳಿವು ಉಳಿವಿನ ಮಾತು. ಒಡಿಶಾದಲ್ಲಿ ಇದೇ ಕಂಪನಿಯ ಯೋಜನೆಯ ಸುತ್ತ ವರ್ಷಗಟ್ಟಲೆ ಘರ್ಷಣೆ ನಡೆದುದನ್ನು ದೇಶವೇ ಕಂಡಿತ್ತು. ಹಳ್ಳಿಗುಡಿಯ ರೈತರ ಸಿಟ್ಟು ಕಲ್ಲಿನ ಕಡೆಗೆ ತಿರುಗಲಿಲ್ಲ. ಮಠದ ಕಡೆಗೆ ತಿರುಗಿತು. ಸ್ವಾಮಿಗಳವರು ಮುಂದೆ ನಿಂತರು, ರೈತರು ಹಿಂದೆ ನಡೆದರು, ಸಭೆಗಳಾದವು, ದೂರು ಎಲ್ಲರಿಗೂ ಕೇಳುವಂತೆ ಹೇಳಲ್ಪಟ್ಟಿತು. 1858ರಲ್ಲಿ ಭೀಮರಾಯರಿಗೆ ಸಿಗದ ಕಿವಿ 153 ವರ್ಷಗಳ ಮೇಲೆ ಅದೇ ನೆಲದವರಿಗೆ ಸಿಕ್ಕಿತು. 2011ರ ಜುಲೈ ತಿಂಗಳಲ್ಲಿ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಹಳ್ಳಿಗುಡಿಯ ಭೂಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ರೈತರು ತಮ್ಮ ಹೊಲಗಳಿಗೆ ಮರಳಿದರು.