ನೆರೆಹೊರೆಯ ವ್ಯಾಕರಣ

ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ತರಗತಿಯ ವಿದ್ಯಾರ್ಥಿಗಳಿಗೆ ‘ನಮ್ಮೂರು’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಿಸಿದ್ದೆ. ಅಥಣಿಯ ಕಡೆಯಿಂದ ಬಂದಿದ್ದ ಹುಡುಗನೊಬ್ಬನು ಸೊಗಸಾಗಿಯೇ ಬರೆದಿದ್ದನು. ಆದರೆ ಸಾಲುಸಾಲಿಗೂ ಒಂದು ದೋಷ ನನ್ನ ಕಣ್ಣನ್ನು ಚುಚ್ಚುತ್ತಿತ್ತು. ‘ಇದು ನಮ್ಮ ಹೊಲ ಇದೆ’, ‘ನಮ್ಮ ಅಜ್ಜ ದೊಡ್ಡ ಪೈಲವಾನ ಇದ್ದಾನೆ’ ಎಂಬ ರೀತಿಯ ವಾಕ್ಯಗಳು. ಹಳೆಯ ಮೈಸೂರು ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ‘ಇದು ನಮ್ಮ ಹೊಲ’ ಎಂದರೆ ಅಲ್ಲಿಗೆ ವಾಕ್ಯ ಪೂರ್ಣವಾಯಿತು. ಅದರ ಬಾಲಕ್ಕೆ ‘ಇದೆ’ ಎಂಬುದನ್ನು ಕಟ್ಟುವ ಅಗತ್ಯವೇ ಇಲ್ಲ. ಹತ್ತಾರು ಕಡೆ ಕೆಂಪು ಶಾಯಿಯಿಂದ ಹೊಡೆದುಹಾಕಿದೆ.

ಹುಡುಗ ಉತ್ತರದ ಹಾಳೆಯನ್ನು ಹಿಡಿದುಕೊಂಡು ಬಂದ. “ನಮ್ಮ ಕಡೆ ಹಂಗ ಅಂತಾರ್ರಿ ಸರ್. ನಮ್ಮ ಅಜ್ಜಾನೂ ‘ಇದು ನಮ್ಮ ಹೊಲ ಐತಿ’ ಅಂತಾನ್ರಿ. ಅಂವಾ ಮಾತಾಡೋದು ಕನ್ನಡ ಅಲ್ಲೇನ್ರಿ?” ಎಂದು ಕೇಳಿದ. “ಅದು ಮರಾಠಿಯ ಕಲಬೆರಕೆಯಪ್ಪಾ, ಶುದ್ಧ ಕನ್ನಡವಲ್ಲ” ಎಂದು ಹೇಳಿ ಕಳುಹಿಸಿದೆ. ಆ ವರ್ಷವೆಲ್ಲ ಅವನು ತರಗತಿಯಲ್ಲಿ ಬಾಯಿ ತೆರೆದದ್ದನ್ನು ನಾನು ಕಾಣಲಿಲ್ಲ.

ನಾನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಅಜ್ಞಾನ. ಅದು ಯಾವುದೆಂಬುದನ್ನು ತಿಳಿಯಲು ನನಗೆ ಅನೇಕ ವರ್ಷಗಳು ಹಿಡಿದವು.

ಶಬ್ದಗಳು ಒಂದು ನುಡಿಯಿಂದ ಇನ್ನೊಂದು ನುಡಿಗೆ ಹಕ್ಕಿಗಳಂತೆ ಹಾರಿಹೋಗುತ್ತವೆ, ವ್ಯಾಕರಣವಾದರೋ ಮರದ ಬೇರಿನಂತೆ ನೆಲ ಬಿಟ್ಟು ಕದಲುವುದಿಲ್ಲ ಎಂಬುದು ನಮ್ಮಲ್ಲಿ ಬಹುಜನರು ನಂಬಿರುವ ಮಾತು. ಈ ನಂಬಿಕೆಗೆ ಕನ್ನಡದ ಚರಿತ್ರೆಯೇ ಆಧಾರವನ್ನು ಒದಗಿಸುವಂತೆ ತೋರುತ್ತದೆ. ಸುಮಾರು ಕ್ರಿ. ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿಯೇ ಸಂಸ್ಕೃತದ ಉದ್ದುದ್ದನೆಯ ಸಮಾಸಗಳು ತುಂಬಿವೆ. ಆದರೆ ಅವುಗಳನ್ನು ಹಿಡಿದು ಕಟ್ಟಿರುವ ಕಟ್ಟು ಕನ್ನಡದ್ದು. ಅಂದಿನಿಂದ ಇಂದಿನವರೆಗೆ ಸಾವಿರಾರು ಸಂಸ್ಕೃತ ಪದಗಳು ನಮ್ಮ ಮನೆಗೆ ಬಂದಿವೆ. ಬಂದವುಗಳೆಲ್ಲ ಹೊಸಿಲಿನ ಹೊರಗೆ ತಮ್ಮ ವಿಭಕ್ತಿಗಳನ್ನು ಕಳಚಿಟ್ಟು, ಕನ್ನಡದ ಪ್ರತ್ಯಯಗಳನ್ನು ತೊಟ್ಟುಕೊಂಡೇ ಒಳಗೆ ಕಾಲಿಟ್ಟಿವೆ. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ‘ದಾರಾ’ ಶಬ್ದ ಪುಲ್ಲಿಂಗ; ಅದೇ ಅರ್ಥದ ‘ಕಳತ್ರ’ ನಪುಂಸಕಲಿಂಗ; ‘ನದೀ’ ಸ್ತ್ರೀಲಿಂಗ. ಕನ್ನಡವು ಇದೊಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೆಂಡತಿ ಯಾವ ಶಬ್ದದಿಂದ ಕರೆಸಿಕೊಂಡರೂ ‘ಬಂದಳು’. ನದಿ ಮಾತ್ರ ‘ಬಂದಿತು’. ಹದಿಮೂರನೆಯ ಶತಮಾನದ ಕೇಶಿರಾಜನು ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಮುಂದಿಟ್ಟುಕೊಂಡು ಶಬ್ದಮಣಿದರ್ಪಣವನ್ನು ರಚಿಸಿದನು. 1604ರಲ್ಲಿ ಭಟ್ಟಾಕಳಂಕನು ಕನ್ನಡದ ವ್ಯಾಕರಣವನ್ನು ಸಂಸ್ಕೃತದಲ್ಲಿಯೇ ಬರೆದನು. ಆದರೂ ಅವರು ವರ್ಣಿಸಿದ ಭಾಷೆ ಸಂಸ್ಕೃತದ ಹಾದಿಯನ್ನು ಹಿಡಿದಿರಲಿಲ್ಲ.

ಹೀಗಿರುವಾಗ ನೆರೆಯ ಮರಾಠಿ ನಮ್ಮ ವಾಕ್ಯದ ಒಡಲನ್ನೇ ಹೊಕ್ಕಿತೆಂದರೆ ಅದು ಹೇಗೆ? ಈ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ; ಅಂದರೆ, ಆ ಊರನ್ನು ಕುರಿತ ಒಂದು ಲೇಖನದಲ್ಲಿ.

ಕುಪವಾಡವು ಈಗ ಸಾಂಗಲಿ, ಮಿರಜಗಳೊಡನೆ ಒಂದೇ ಮಹಾನಗರಪಾಲಿಕೆಯೊಳಗೆ ಸೇರಿಹೋಗಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ಭಾಷಾಶಾಸ್ತ್ರಜ್ಞರು ಅದನ್ನು ಅಭ್ಯಾಸ ಮಾಡಿದಾಗ ಅದು ಸುಮಾರು ಮೂರು ಸಾವಿರ ಜನರ ಹಳ್ಳಿಯಾಗಿತ್ತು. ಅವರ ಲೇಖನ 1971ರಲ್ಲಿ ಪ್ರಕಟವಾಯಿತು. ಊರಿನ ಜೈನರ ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ದಲಿತರದು ಮರಾಠಿ. ಕನ್ನಡ ಮರಾಠಿಗಳು ಆ ನೆಲದಲ್ಲಿ ಅನೇಕ ಶತಮಾನಗಳಿಂದ ಒಂದರ ಪಕ್ಕದಲ್ಲೊಂದು ಬಾಳಿವೆ. ಉರ್ದು ಅವುಗಳ ಜೊತೆ ಸೇರಿದ್ದೂ ಇಂದು ನಿನ್ನೆಯ ಮಾತಲ್ಲ. ಹೊಲದಲ್ಲಿ, ಸಂತೆಯಲ್ಲಿ, ಚಾವಡಿಯಲ್ಲಿ ಎಲ್ಲರಿಗೂ ಎಲ್ಲರೊಡನೆ ಕೆಲಸ. ಆದುದರಿಂದ ಊರಿನ ಗಂಡಸರಲ್ಲಿ ಬಹುಮಂದಿ ಎರಡು ಮೂರು ಭಾಷೆಗಳನ್ನು ದಿನಬಳಕೆಯಲ್ಲಿ ಇಟ್ಟುಕೊಂಡವರು.

ಇಂಥ ಊರಿನಲ್ಲಿ ವ್ಯಾಕರಣಗಳಿಗೆ ಏನಾಯಿತು? ಒಂದು ಸಾಮಾನ್ಯ ವಾಕ್ಯವನ್ನು ತೆಗೆದುಕೊಳ್ಳೋಣ. ಕನ್ನಡದಲ್ಲಿ ‘ನೀರು ತುಂಬಿ ತಗೊಂಡು ಬಂದೆ’ ಎನ್ನುತ್ತೇವೆ. ಮರಾಠಿಯವನು ‘ಪಾಣಿ ಭರೂನ್ ಘೇಊನ್ ಆಲೊ’ ಎನ್ನುತ್ತಾನೆ. ದಕ್ಷಿಣದ ಉರ್ದುವಿನವನು ‘ಪಾನೀ ಭರ್ ಕೆ ಲೇ ಕೆ ಆಯಾ’ ಎನ್ನುತ್ತಾನೆ. ಪದಗಳೆಲ್ಲ ಬೇರೆ ಬೇರೆ. ಆದರೆ ಒಂದರ ಕೆಳಗೊಂದು ಬರೆದು ನೋಡಿದರೆ ನೀರಿನ ಕೆಳಗೆ ನೀರು, ತುಂಬಿದ್ದರ ಕೆಳಗೆ ತುಂಬಿದ್ದು, ಬಂದದ್ದರ ಕೆಳಗೆ ಬಂದದ್ದು ಒತ್ತಿಕೊಂಡು ನಿಲ್ಲುತ್ತವೆ. ಇಷ್ಟರ ಮಟ್ಟಿಗಿನ ಹೋಲಿಕೆ ಭಾರತದ ಅನೇಕ ಭಾಷೆಗಳಲ್ಲಿ ಉಂಟು. ದ್ರಾವಿಡ, ಆರ್ಯ ಭಾಷೆಗಳು ಹುಟ್ಟಿನಿಂದ ಬೇರೆಯಾದರೂ ಒಟ್ಟು ಬಾಳಿ ಹಲವು ಲಕ್ಷಣಗಳನ್ನು ಸಮಾನವಾಗಿ ಪಡೆದಿವೆ ಎಂಬುದನ್ನು ಎಂ. ಬಿ. ಎಮಿನೋ ಅವರು 1956ರಷ್ಟು ಹಿಂದೆಯೇ ವಿವರಿಸಿದ್ದರು. ಕುಪವಾಡದಲ್ಲಿ ಈ ಹೋಲಿಕೆ ಇನ್ನೂ ಮುಂದೆ ಹೋಗಿತ್ತು. ಒಂದು ನುಡಿಯ ವಾಕ್ಯವನ್ನು ಇನ್ನೊಂದಕ್ಕೆ ತಿರುಗಿಸಲು ಪದದ ಜಾಗದಲ್ಲಿ ಪದವನ್ನು, ಪ್ರತ್ಯಯದ ಜಾಗದಲ್ಲಿ ಪ್ರತ್ಯಯವನ್ನು ಇಟ್ಟುಕೊಂಡು ಹೋದರೆ ಬಹುಮಟ್ಟಿಗೆ ಸಾಕು ಎನ್ನುವ ಸ್ಥಿತಿ ಅದು.

ಆ ಸ್ಥಿತಿಗೆ ಬರಲು ಪ್ರತಿಯೊಂದು ಭಾಷೆಯೂ ಏನನ್ನಾದರೂ ಬಿಟ್ಟುಕೊಟ್ಟಿತು. ಉರ್ದುವಿನಲ್ಲಿ ನಿರ್ಜೀವ ವಸ್ತುವೂ ಗಂಡು ಇಲ್ಲವೆ ಹೆಣ್ಣು ಆಗಲೇಬೇಕು. ಗ್ರಾಂಥಿಕ ಉರ್ದುವಿನ ನದಿ ‘ಆಯೀ’, ಅಂದರೆ ಹೆಣ್ಣಾಗಿ ಬರುತ್ತಾಳೆ. ಕುಪವಾಡದ ಉರ್ದುವಿನಲ್ಲಿ ಅದು ‘ಆಯಾ’ ಎಂದಾಯಿತು. ಮನುಷ್ಯರಲ್ಲಿ ಹೆಣ್ಣೆಂಬುದಕ್ಕೆ ಸ್ತ್ರೀಲಿಂಗ. ವಸ್ತುಗಳಿಗೆ ಆ ಭೇದ ಬೇಡ. ಅಲ್ಲಿಯ ಮರಾಠಿಯ ಲಿಂಗವಿವಕ್ಷೆಯೂ ಇದೇ ದಾರಿಗೆ ಬಂದಿತ್ತು. ಇದು ಯಾರ ವ್ಯಾಕರಣವೆಂದು ಹೇಳಬೇಕಾದದ್ದಿಲ್ಲ. ಸಂಸ್ಕೃತದ ‘ನದೀ’ ಶಬ್ದಕ್ಕೆ ಕನ್ನಡವು ಹಿಂದೆ ಏನು ಮಾಡಿತ್ತೋ ಅದನ್ನೇ ಈಗ ನೆರೆಯವರು ತಮ್ಮ ತಮ್ಮ ಮಾತಿನಲ್ಲಿ ಮಾಡಿಕೊಂಡಿದ್ದರು. ಕನ್ನಡವೂ ಸುಮ್ಮನೆ ಕೊಡುತ್ತಲೇ ಕುಳಿತಿರಲಿಲ್ಲ. ನಾಮಪದಗಳೆರಡನ್ನು ಕ್ರಿಯಾಪದವಿಲ್ಲದೆ ಸೇರಿಸುವ ತನ್ನ ಹಳೆಯ ಪದ್ಧತಿಯನ್ನು ಅದು ಬಿಟ್ಟಿತು. ಮರಾಠಿ ‘ಆಹೇ’ ಎಂದು, ಉರ್ದು ‘ಹೈ’ ಎಂದು ಮುಗಿಸುವಲ್ಲಿ ಕುಪವಾಡದ ಕನ್ನಡಿಗ ‘ಐತಿ’ ಎಂದು ಮುಗಿಸಿದ.

ಈ ಮಾತನ್ನು ಓದಿದಾಗ ನನ್ನ ಕಣ್ಣ ಮುಂದೆ ನಿಂತದ್ದು ಆ ಅಥಣಿಯ ಹುಡುಗ, ಅವನ ಅಜ್ಜ, ಅವರ ಹೊಲ.

ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ವ್ಯಾಕರಣಗಳು ಇಷ್ಟು ಹತ್ತಿರ ಬಂದರೂ ಭಾಷೆಗಳು ಒಂದಾಗಲಿಲ್ಲ. ಮನೆಯೊಳಗೆ ಜೈನನು ಕನ್ನಡವನ್ನೇ ಆಡಿದನು, ಮುಸಲ್ಮಾನನು ಉರ್ದುವನ್ನೇ ಆಡಿದನು. ಬೇರೆ ಬೇರೆ ಕುಲದವರು ಊರಿನಲ್ಲಿ ಸಂಧಿಸಿದಾಗ ಬಹುಮಟ್ಟಿಗೆ ಮರಾಠಿ ನಡೆಯುತ್ತಿತ್ತು. ತಾನು ಯಾವ ಮನೆಯವನು ಎಂಬುದನ್ನು ಸಾರಲು ಅವರಿಗೆ ಬೇಕಾಗಿದ್ದುದು ಪದಗಳು. ವಾಕ್ಯ ಹೆಣೆಯುವ ಬಗೆಯನ್ನು ಯಾರೂ ಗಮನಿಸಿ ಕಾಯುವುದಿಲ್ಲ. ಕಾವಲಿದ್ದ ಪದಗಳು ಉಳಿದವು, ಕಾವಲಿಲ್ಲದ ವಾಕ್ಯರಚನೆ ಬೇಲಿ ದಾಟಿತು. ಪದಗಳು ಹಾರುತ್ತವೆ, ವ್ಯಾಕರಣ ಕದಲುವುದಿಲ್ಲ ಎಂಬ ನಮ್ಮ ನಂಬಿಕೆ ಇಲ್ಲಿ ತಲೆಕೆಳಗಾಗಿದೆ.

ಹಾಗಾದರೆ ಸಂಸ್ಕೃತಕ್ಕೂ ಮರಾಠಿಗೂ ಏಕೆ ಈ ವ್ಯತ್ಯಾಸ? ಸಂಸ್ಕೃತವು ಕನ್ನಡಕ್ಕೆ ಬಂದದ್ದು ಪಂಡಿತರ ಮೂಲಕ, ಗ್ರಂಥ, ಪೂಜೆ, ಶಾಸನಗಳ ಮೂಲಕ. ಅದನ್ನು ಬಲ್ಲವರು ಕೆಲವರು. ಅಂಗಳದಲ್ಲಿ ಮಕ್ಕಳು ಅದನ್ನಾಡಿ ಬೆಳೆಯಲಿಲ್ಲ. ಗ್ರಂಥದಿಂದ ಬರುವ ಭಾಷೆ ಮುಖ್ಯವಾಗಿ ಪದಗಳನ್ನು ಕೊಡುತ್ತದೆ. ‘ಮಾಡಲ್ಪಟ್ಟಿತು’ ಎಂಬಂಥ ಕರ್ಮಣಿ ಪ್ರಯೋಗ ಬರವಣಿಗೆಯಲ್ಲಿ ಬೆಳೆದರೂ ಬೀದಿಯ ಮಾತಿಗೆ ಇಳಿಯದೆ ಪುಸ್ತಕದಲ್ಲೇ ನಿಂತದ್ದು ಇದಕ್ಕೆ ಸಾಕ್ಷಿ. ಆದರೆ ಬಾಲ್ಯದಿಂದ ಎರಡು ನುಡಿಗಳನ್ನಾಡುವವನು ಒಂದೇ ದಿನದಲ್ಲಿ ನೂರು ಬಾರಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಾನೆ. ಎರಡು ಅಚ್ಚುಗಳನ್ನು ಮನಸ್ಸಿನಲ್ಲಿ ಹೊತ್ತುಕೊಂಡಿರುವುದಕ್ಕಿಂತ ಒಂದೇ ಅಚ್ಚಿನಲ್ಲಿ ಎರಡು ಬಗೆಯ ಪದಗಳನ್ನು ಸುರಿಯುವುದು ಅವನಿಗೆ ಸುಲಭ.

ಯಾರು ಯಾರ ಭಾಷೆಯನ್ನು ಕಲಿಯುತ್ತಾರೆ ಎಂಬುದೂ ಮುಖ್ಯ. ಕುಪವಾಡದಲ್ಲಿ ಕೊಡುಕೊಳೆ ಎಲ್ಲ ದಿಕ್ಕಿಗೂ ನಡೆಯಿತು. ಕರ್ನಾಟಕದ ಸಾರಸ್ವತರ ಕೊಂಕಣಿಯ ಕಥೆ ಬೇರೆ. ಕೊಂಕಣಿಗರು ಕನ್ನಡವನ್ನು ಕಲಿತರು. ಕನ್ನಡಿಗರು ಸಾಮಾನ್ಯವಾಗಿ ಕೊಂಕಣಿಯನ್ನು ಕಲಿಯಲಿಲ್ಲ. ಆದುದರಿಂದ ವ್ಯಾಕರಣದ ಹರಿವು ಒಂದೇ ಕಡೆಗೆ. ‘ಯಾವ ಮುದುಕ ಪೇಪರು ಓದುತ್ತಿದ್ದಾನೋ ಅವನು’ ಎಂದು ಕನ್ನಡವು ಪ್ರಶ್ನಾರ್ಥಕ ‘ಯಾವ’ ಶಬ್ದದಿಂದ ತೊಡಗಿ ಕೊನೆಯಲ್ಲಿ ‘ಓ’ಕಾರವನ್ನು ಸೇರಿಸುತ್ತದೆಯಷ್ಟೆ. ಈ ಕೊಂಕಣಿಯೂ ಆರ್ಯಭಾಷೆಗಳ ಸಹಜವಾದ ‘ಜೋ–ತೋ’ ಮಾದರಿಯನ್ನು ಬಿಟ್ಟು, ತನ್ನದೇ ‘ಯಾವ’ ಎಂಬರ್ಥದ ಪ್ರಶ್ನಾರ್ಥಕದಿಂದ ತೊಡಗಿ, ‘ಓ’ಕಾರದ ಜಾಗದಲ್ಲಿ ತನ್ನದೇ ‘ಕೀ’ ಎಂಬ ಅವ್ಯಯವನ್ನಿಟ್ಟು ವಾಕ್ಯ ಕಟ್ಟುತ್ತದೆ. ಎಂ. ವಿ. ನಾಡಕರ್ಣಿಯವರು 1975ರಲ್ಲಿ ಇದನ್ನು ಸವಿಸ್ತಾರವಾಗಿ ತೋರಿಸಿದರು. ಕಿವಿಗೆ ಬೀಳುವುದೆಲ್ಲ ಕೊಂಕಣಿ. ಒಳಗಿನ ನಡೆ ಕನ್ನಡ. ದಖನಿ ಉರ್ದುವಿನವರು ‘ಬರುತ್ತೇನೆ ಅಂತ ಹೇಳಿದ’ ಎನ್ನುವಲ್ಲಿ ನಮ್ಮ ‘ಅಂತ’ಕ್ಕೆ ಸಮನಾಗಿ ‘ಬೋಲ್‌ಕೆ’ ಎಂದು ಬಳಸುವುದೂ ಇದೇ ಜಾತಿಯದು.

ಆದರೆ ಸಂಪರ್ಕವೊಂದೇ ಎಲ್ಲವನ್ನೂ ಬದಲಿಸುತ್ತದೆ ಎಂದು ಭಾವಿಸಬಾರದು. ‘ಪಾಲು’ ‘ಹಾಲಾ’ಗಲು ಯಾವ ನೆರೆಯವರೂ ಬೇಕಾಗಿರಲಿಲ್ಲ. ಶತಮಾನಗಳ ಒತ್ತಡದಲ್ಲಿಯೂ ಕೆಲವು ಅಂಶಗಳು ಅಳಿಯದೆ ಉಳಿಯುವುದುಂಟು. ದೂರದ ಬಲೂಚಿಸ್ತಾನದಲ್ಲಿ ಬಲೂಚಿಯ ನಡುವೆ ಬಾಳುತ್ತಿರುವ ಬ್ರಾಹುಈ ನಮ್ಮ ದ್ರಾವಿಡ ಕುಲದ ಭಾಷೆ. ಅದರ ಪದಕೋಶದ ಬಹುಭಾಗ ಪರಕೀಯ. ಲಿಂಗಭೇದ ಅದರಲ್ಲಿ ಉಳಿದಿಲ್ಲ. ಎಣಿಕೆಯಲ್ಲಿ ಒಂದು, ಎರಡು, ಮೂರರ ತನಕ ಮಾತ್ರ ದ್ರಾವಿಡ, ನಾಲ್ಕರಿಂದ ಮುಂದೆ ಎರವಲು. ಇಷ್ಟಾದರೂ ಕ್ರಿಯಾಪದದ ನಿಷೇಧರೂಪಗಳನ್ನು ಅದು ಬಿಟ್ಟುಕೊಟ್ಟಿಲ್ಲ. ‘ಅರಿಯೆನು’, ‘ಬಾರನು’ ಎಂಬಂಥ ರೂಪಗಳನ್ನು ನಾವಾದರೋ ದಿನದ ಮಾತಿನಲ್ಲಿ ಬಹುಮಟ್ಟಿಗೆ ಕೈಬಿಟ್ಟು, ಎಲ್ಲದಕ್ಕೂ ‘ಇಲ್ಲ’ವನ್ನು ಹಚ್ಚುತ್ತೇವೆ. ಪದಗಳ ಲೆಕ್ಕ ಹಿಡಿದು ಯಾವ ಭಾಷೆ ಶುದ್ಧ, ಯಾವುದು ಬೆರಕೆ ಎಂದು ತೀರ್ಪು ಕೊಡಹೊರಟವನು ಬ್ರಾಹುಈಯ ಮುಂದೆ ಕಕ್ಕಾಬಿಕ್ಕಿಯಾಗಬೇಕಾಗುತ್ತದೆ.

ಇಂದು ನಾವು ಇಂಗ್ಲಿಷಿನ ಪದಗಳನ್ನು ಕಂಡು ಗಾಬರಿಯಾಗುತ್ತೇವೆ. ‘ಬಸ್ಸಿನಿಂದ’ ಎಂದಾಗ ಬಸ್ಸು ಕನ್ನಡದ ಪಂಚಮಿಯನ್ನು ತೊಟ್ಟುಕೊಂಡೇ ಇಳಿಯುತ್ತದೆ. ಅದರಿಂದ ಕನ್ನಡಕ್ಕೆ ಅಪಾಯವಿಲ್ಲ. ಈಗ ಎಷ್ಟೋ ಮಕ್ಕಳು ಇಂಗ್ಲಿಷನ್ನು ಪುಸ್ತಕದಿಂದಲ್ಲದೆ ಅಂಗಳದಲ್ಲೇ ಕಲಿಯುತ್ತಿದ್ದಾರೆ. ಹಾಗಿರುವಲ್ಲಿ ಗಮನಿಸಬೇಕಾದದ್ದು ಪದಗಳನ್ನಲ್ಲ, ಅಚ್ಚಗನ್ನಡ ಪದಗಳಿಂದಲೇ ಕಟ್ಟಿದ ಅವರ ವಾಕ್ಯಗಳ ನಡೆಯನ್ನು. ಅಲ್ಲಿ ಏನಾಗುತ್ತದೆಂಬುದು ಆ ಮಕ್ಕಳು ಮನೆಯಲ್ಲಿ ಯಾರೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ ಎಂಬುದನ್ನು ಅವಲಂಬಿಸಿದೆ.

ಬರವಣಿಗೆಗೆ ಒಂದು ಒಪ್ಪಿತವಾದ ರೂಪ ಬೇಕು ಎಂಬುದನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ. ಗಡಿಸೀಮೆಯ ಹುಡುಗರು ಪ್ರಬಂಧದಲ್ಲಿ ‘ಇದು ನಮ್ಮ ಹೊಲ ಇದೆ’ ಎಂದು ಬರೆದರೆ ಈಗಲೂ ಗುರುತು ಹಾಕುತ್ತೇನೆ. ಆದರೆ ಹೊಡೆದುಹಾಕುವುದಿಲ್ಲ. ಗ್ರಾಂಥಿಕ ರೂಪ ಇದು, ನಿಮ್ಮೂರಿನ ರೂಪ ಅದು ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು, ಎರಡನೆಯದು ಎಲ್ಲಿಂದ ಬಂತೆಂಬುದನ್ನು ಹೇಳುತ್ತೇನೆ. ಅದು ಸೋಮಾರಿತನದ ತಪ್ಪಲ್ಲ; ನೂರಾರು ವರ್ಷ ಒಂದೇ ಬಾವಿಯ ನೀರನ್ನು ಸೇದಿದ, ಒಂದೇ ಸಂತೆಯಲ್ಲಿ ಕೊಂಡು ಮಾರಿದ ಜನರ ನಡುವೆ ಬೆಳೆದ ವ್ಯಾಕರಣ.

ಅಂದು ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ‘ಹೌದಪ್ಪಾ, ನಿನ್ನ ಅಜ್ಜ ಮಾತಾಡುವುದು ಕನ್ನಡವೇ’ ಎಂಬುದು. ಅವನು ಈಗ ಎಲ್ಲಿದ್ದಾನೋ ನಾನರಿಯೆ. ಭಾನುವಾರದ ಈ ಪುಟ ಅವನ ಕಣ್ಣಿಗೆ ಬಿದ್ದರೆ, ತಡವಾಗಿ ಬಂದ ಈ ಉತ್ತರವನ್ನು ಅವನು ಒಪ್ಪಿಸಿಕೊಳ್ಳಬೇಕು.