ನಿಮಗಿದು ಗೊತ್ತೇ? ಇಪ್ಪತ್ತೊಂದು ಕಿಲೋಮೀಟರ್‌ಗೆ ಇನ್ನು ಏಳೇ ದಿನ

ಕನ್ನಂಬಾಡಿ ಕಟ್ಟೆಯ ಉದ್ದ 8,600 ಅಡಿ, ಅಂದರೆ 2,621 ಮೀಟರ್. ಅರ್ಧ ಮ್ಯಾರಥಾನ್‌ನ ದೂರ 21.0975 ಕಿ.ಮೀ. ಕಟ್ಟೆಯ ಉದ್ದವನ್ನು ಎಂಟು ಸಲ ಓಡಿ, ಮೇಲೆ ಸುಮಾರು 130 ಮೀಟರ್ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸುಮಾರು 15 ಕಿ.ಮೀ. ಅರ್ಧ ಮ್ಯಾರಥಾನ್ ಅದಕ್ಕಿಂತ ಆರು ಕಿ.ಮೀ. ಹೆಚ್ಚು.

ದೂರಕ್ಕೆ ಈ ಚಿಲ್ಲರೆ ಅಂಟಿಕೊಂಡದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಮುಂದೆ ಮುಗಿಯುವಂತೆ ದಾರಿ ಹಾಕಿದಾಗ ಅದು 42.195 ಕಿ.ಮೀ. ಆಯಿತು. 1921ರಲ್ಲಿ ಅದನ್ನೇ ಅಧಿಕೃತ ಮಾಡಿದರು. ಬರುವ ಭಾನುವಾರ ಶ್ರೀರಂಗಪಟ್ಟಣದಲ್ಲಿ ನಾವು ಓಡುವುದು ಅದರ ಅರ್ಧ.

ನಮ್ಮ ಸೀಮೆಗೆ ಈ ದೂರ ಹೊಸದಲ್ಲ. ರಂಗನತಿಟ್ಟಿನ ಸಮೀಪ, ನಾಲೆ ಏರಿಯ ಮಣ್ಣುದಾರಿಯಲ್ಲಿ ‘ಕಾವೇರಿ ಟ್ರೇಲ್ ಮ್ಯಾರಥಾನ್’ ಹಲವು ವರ್ಷ ನಡೆದಿದೆ. ಅದನ್ನು ಶುರುಮಾಡಿದ್ದು ಬೆಂಗಳೂರಿನ ‘ರನ್ನರ್ಸ್ ಫಾರ್ ಲೈಫ್’ ಬಳಗ. ಅರ್ಧ ಮ್ಯಾರಥಾನ್ ವಿಭಾಗವೂ ಅದರಲ್ಲಿದೆ. ಡಾಂಬರು ರಸ್ತೆಯಲ್ಲಿ ಓಡಿದವರಿಗೆ ಮಣ್ಣುದಾರಿ ಮಂಡಿಗೆ ಮೃದು ಅನ್ನಿಸುತ್ತದೆ. ಆದರೆ ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಅದೇ ಮಣ್ಣು ಶೂಗೆ ಮೆತ್ತಿಕೊಂಡು ಹೆಜ್ಜೆ ಭಾರವಾಗುತ್ತದೆ. ಹಾಗಾಗಿ ಕೊನೆಯ ವಾರದಲ್ಲಿ ಹವಾಮಾನದ ಮೇಲೂ ಕಣ್ಣಿಟ್ಟಿರಿ.

ಈಗ ಮುಖ್ಯ ಮಾತು. ಓಟಕ್ಕೆ ಒಂದು ವಾರ ಇರುವಾಗ ದಮ್ಮು ಹೆಚ್ಚಿಸಿಕೊಳ್ಳಲು ಆಗುವುದಿಲ್ಲ. ಇವತ್ತು ಓಡಿದ ದೊಡ್ಡ ಓಟದ ಫಲ ಮೈಗೆ ಹತ್ತಲು ವಾರಕ್ಕಿಂತ ಹೆಚ್ಚು ಬೇಕು. ಅದರ ಆಯಾಸವಾದರೋ ಮರುದಿನವೇ ಹಾಜರ್. ಲಾರೆಂಟ್ ಬೊಸ್ಕೆ ಮತ್ತು ಸಂಗಡಿಗರು 2007ರಲ್ಲಿ ಇಂಥ 27 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ಸ್ಪರ್ಧೆಗೆ ಎರಡು ವಾರ ಮೊದಲಿನಿಂದ ಓಡುವ ದೂರವನ್ನು ಶೇ. 41ರಿಂದ 60ರಷ್ಟು ಇಳಿಸಿ, ವೇಗವನ್ನೂ ಓಡುವ ದಿನಗಳನ್ನೂ ಹಾಗೇ ಉಳಿಸಿಕೊಂಡವರಿಗೆ ಹೆಚ್ಚು ಲಾಭವಾಗಿತ್ತು. ವಾರಕ್ಕೆ 40 ಕಿ.ಮೀ. ಓಡುತ್ತಿದ್ದೀರಾ? ಈ ವಾರ 16ರಿಂದ 24 ಕಿ.ಮೀ. ಸಾಕು. ಬುಧವಾರ ಒಂದೆರಡು ಕಿ.ಮೀ. ಓಟದ ದಿನದ ವೇಗದಲ್ಲಿ ಓಡಿ. ಶುಕ್ರವಾರ ವಿಶ್ರಾಂತಿ. ಶನಿವಾರ ಬೇಕೆನಿಸಿದರೆ ಕಾಲು ಸಡಿಲವಾಗುವಷ್ಟು, ಹದಿನೈದು ಇಪ್ಪತ್ತು ನಿಮಿಷ. ಮನಸ್ಸು ಇನ್ನೂ ಓಡು ಅನ್ನುತ್ತದೆ, ಕೇಳಬೇಡಿ.

ಪಾಂಡವಪುರದವರಿಗೆ ಒಂದು ಕಿವಿಮಾತು: ಈ ವಾರ ಕುಂತಿಬೆಟ್ಟ ಹತ್ತಬೇಡಿ.  ಹತ್ತುವುದಕ್ಕಿಂತ ಇಳಿಯುವುದು ತೊಡೆಗೆ ಕಷ್ಟ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ಹಿಡಿಯಬೇಕು, ಆಗ ಅದರ ಎಳೆಗಳಿಗೆ ಸಣ್ಣ ಪೆಟ್ಟು ಬೀಳುತ್ತದೆ. ಆ ನೋವು ಹೆಚ್ಚಾಗುವುದು ಒಂದರಿಂದ ಮೂರು ದಿನ ಕಳೆದ ಮೇಲೆ. ಗುರುವಾರ ಬೆಟ್ಟ ಇಳಿದವರಿಗೆ ಭಾನುವಾರವೂ ತೊಡೆ ಬಿಗಿದಿರುತ್ತದೆ. ಮೇಲುಕೋಟೆ ಯೋಗಾನರಸಿಂಹನ ಮೆಟ್ಟಿಲು, ಕರಿಘಟ್ಟ, ನಾಗಮಂಗಲ ಕಡೆಯವರಿಗೆ ಆದಿಚುಂಚನಗಿರಿ, ಎಲ್ಲಕ್ಕೂ ಇದೇ ಮಾತು. ಹರಕೆ ಇದ್ದರೆ ಓಟ ಮುಗಿದ ಮುಂದಿನ ವಾರ ಹೋಗಿ ತೀರಿಸಿ.

ಪೊಲೀಸ್ ಭರ್ತಿಗೆಂದು ತಾಲ್ಲೂಕು ಮೈದಾನಗಳಲ್ಲಿ ಬೆಳಗಾಗುವ ಮೊದಲೇ ಓಡುವ ಹುಡುಗರು ನಮ್ಮಲ್ಲಿ ಬಹಳ. ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಪುರುಷರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅದೇ ವೇಗವನ್ನು ಕೊನೆವರೆಗೂ ಹಿಡಿದರೆ ಅರ್ಧ ಮ್ಯಾರಥಾನ್ 1 ಗಂಟೆ 26 ನಿಮಿಷದೊಳಗೆ ಮುಗಿಯುತ್ತದೆ. ಅದು ಬಹಳ ಒಳ್ಳೆಯ ಸಮಯ. ಹಾಗಾಗಿಯೇ ಹೇಳುವುದು: ನಿಮ್ಮ 1,600 ಮೀಟರ್ ವೇಗದಲ್ಲಿ ಹೊರಡಬೇಡಿ. ಮೊದಲ ಮೂರು ಕಿ.ಮೀ. ‘ಇಷ್ಟು ನಿಧಾನವೇ’ ಅನ್ನಿಸಿದರೆ ನೀವು ಸರಿಯಾಗಿ ಓಡುತ್ತಿದ್ದೀರಿ.

ವೇಗದ ಮಾತು ಬಂದದ್ದಕ್ಕೆ ಇನ್ನೊಂದು: 2020ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಅವಿನಾಶ್ ಸಾಬ್ಳೆ ಈ ದೂರವನ್ನು 1 ಗಂಟೆ 30 ಸೆಕೆಂಡಿನಲ್ಲಿ ಓಡಿದರು. 61 ನಿಮಿಷದೊಳಗೆ ಮುಗಿಸಿದ ಮೊದಲ ಭಾರತೀಯ ಅವರೇ. ಅವರು ಮಹಾರಾಷ್ಟ್ರದ ಬೀಡ್ ಜಿಲ್ಲೆಯ ರೈತ ಕುಟುಂಬದವರು. ಆ ವೇಗದಲ್ಲಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ 43 ನಿಮಿಷ.

ಇನ್ನು ಊಟ. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ತಿಂಗಳುಗಟ್ಟಲೆ ಓಡಿದವರು ಕೊನೆಯ ಎರಡು ದಿನ ಎಡವುವುದು ಹೆಚ್ಚಾಗಿ ತಟ್ಟೆಯಲ್ಲೇ. ನಾವು ತಿಂದ ಪಿಷ್ಟ, ಸಕ್ಕರೆಗಳು ಗ್ಲೈಕೋಜನ್ ಆಗಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಕೊಳ್ಳುತ್ತವೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂ ಆಸುಪಾಸು. ಒಂದೂವರೆ ಗಂಟೆಗಿಂತ ಹೆಚ್ಚು ಓಡುವವರಿಗೆ ಈ ಕೂಡಿಟ್ಟದ್ದೇ ಆಸರೆ. ಊಟ ಬದಲಿಸಿ ಇದನ್ನು ಹೆಚ್ಚಿಸಬಹುದೆಂದು 1967ರಲ್ಲಿ ತೋರಿಸಿದವರು ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್, ಎರಿಕ್ ಹುಲ್ಟ್‌ಮನ್ ಮತ್ತು ಜೊತೆಗಾರರು. ತೊಡೆಯ ಸ್ನಾಯುವಿನಿಂದ ಸೂಜಿಯಲ್ಲಿ ಚೂರು ತೆಗೆದು ಅಳೆದು ನೋಡಿದ್ದರು.

ಒಂದು ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಶನಿವಾರ ತೂಕ ಒಂದು ಕಿಲೋ ಏರಿದ್ದರೆ ಗಾಬರಿ ಬೇಡ, ಓಟಕ್ಕೆ ಬೇಕಾದ್ದೇ ಒಳಗೆ ಕೂತಿದೆ.

ಹಾಗಾದರೆ ಮುದ್ದೆ? ಮಂಡ್ಯ ಸೀಮೆಯವರಿಗೆ ಕಷ್ಟದ ಮಾತು, ಆದರೂ ಹೇಳುತ್ತೇನೆ. ವರ್ಷವೆಲ್ಲ ರಾಗಿ ತಿನ್ನಿ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಓಡುವವರ ಮೂಳೆಗೆ ಅದು ಬೇಕು. ಆದರೆ ಅದರಲ್ಲಿ ನಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಒಳಗೆ. ನಾರು ಹೊಟ್ಟೆಯಲ್ಲಿ ನಿಧಾನವಾಗಿ ಸಾಗುತ್ತದೆ. ಓಡುವಾಗ ರಕ್ತ ಹೊಟ್ಟೆಯಿಂದ ಕಾಲಿಗೆ ಹರಿಯುವುದರಿಂದ ಅಲ್ಲಿ ಉಳಿದದ್ದು ಉಬ್ಬರಿಸಿ ಕಾಡುತ್ತದೆ. ಶುಕ್ರವಾರ, ಶನಿವಾರ ಅನ್ನ, ಇಡ್ಲಿ, ಅವಲಕ್ಕಿ, ಬಾಳೆಹಣ್ಣು ಹೆಚ್ಚಿರಲಿ. ಹುರುಳಿಕಾಳು ಸಾರು, ಬಸ್ಸಾರು, ಸೊಪ್ಪಿನ ಪಲ್ಯ ಎರಡು ದಿನ ಬೇಡ. ದಿನವೂ ಮುದ್ದೆ ಉಂಡು ಓಡಿ ಹೊಟ್ಟೆ ಪಳಗಿದವರು ಶುಕ್ರವಾರ ಮಧ್ಯಾಹ್ನ ಸಣ್ಣದೊಂದು ಉಣ್ಣಬಹುದು. ಶನಿವಾರ ರಾತ್ರಿ ಅವರಿಗೂ ಬೇಡ.

ಮೇಲುಕೋಟೆ ಪುಳಿಯೋಗರೆ ಅಕ್ಕಿಯದೇ ಹೌದು. ಆದರೆ ಗೊಜ್ಜಿನ ಎಣ್ಣೆ, ಹುಣಸೆ, ಖಾರ ಮೂರೂ ಬೆಳಗಿನ ಜಾವ ಎದೆಯುರಿ ತರಬಲ್ಲವು. ಶುಕ್ರವಾರಕ್ಕೆ ಅಡ್ಡಿಯಿಲ್ಲ. ಮದ್ದೂರು ವಡೆಯಂಥ ಕರಿದದ್ದನ್ನೂ ಬೀಗರ ಮನೆಯ ಬಾಡೂಟವನ್ನೂ ಶನಿವಾರ ಬಿಡಿ.

‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯದ ಉತ್ಪನ್ನ ಬೆಲ್ಲ. ಓಟಗಾರರಿಗೆ ಇದಕ್ಕಿಂತ ಹತ್ತಿರದ ಔಷಧಿ ಇಲ್ಲ. ಒಂದೂವರೆ ಗಂಟೆ ಮೀರುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕೆನ್ನುತ್ತಾರೆ ತಜ್ಞರು. ಅಂಗಡಿಯಲ್ಲಿ ಅದಕ್ಕೆಂದು ಸಿಗುವ ಜೆಲ್ ಪೊಟ್ಟಣ ದುಬಾರಿ. ಆಲೆಮನೆಯಿಂದ ತಂದ ಅಚ್ಚುಬೆಲ್ಲ 35 ಗ್ರಾಂ ಇದ್ದರೆ 30 ಗ್ರಾಂ ಆಯಿತು. ಚಿಕ್ಕ ಚೂರುಗಳಾಗಿ ಒಡೆದು, ಪೊಟ್ಟಣ ಕಟ್ಟಿ ಜೇಬಿನಲ್ಲಿಡಿ. ಪ್ರತಿ ಅರ್ಧ ಗಂಟೆಗೊಮ್ಮೆ ಒಂದಿಷ್ಟು ಬಾಯಿಗೆ ಹಾಕಿ, ಮೇಲೆ ಎರಡು ಗುಟುಕು ನೀರು. ಈ ವಾರದ ಸಣ್ಣ ಓಟದಲ್ಲೇ ಒಮ್ಮೆ ತಿಂದು ನೋಡಿ, ಹೊಟ್ಟೆ ಒಪ್ಪದಿದ್ದರೆ ಅಂದು ಬೇಡ. ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಮಾಡಬೇಡಿ.

ಕಬ್ಬಿನ ಹಾಲು? ಶಕ್ತಿ ಇದೆ, ನಿಜ. ಅದಕ್ಕೆ ಹಾಕುವ ಐಸ್ ಯಾವ ನೀರಿನದೋ ತಿಳಿಯುವುದಿಲ್ಲ. ಓಟ ಮುಗಿಯುವವರೆಗೆ ತಡೆದುಕೊಳ್ಳಿ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚು ಹೋಗುವುದು ಸೋಡಿಯಂ. ಆದ್ದರಿಂದ ಎಳನೀರೊಂದೇ ಸಾಲದು, ಜೊತೆಗೆ ಉಪ್ಪಿನಂಶದ ಊಟವೂ ಬೇಕು.

ಹೆಚ್ಚು ನೀರು ಕುಡಿಯುವುದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಮಟ್ಟ ಕುಸಿದಿತ್ತು. ಬಹಳ ನೀರು ಕುಡಿದು ಓಟದಲ್ಲೇ ತೂಕ ಏರಿದ್ದವರಲ್ಲಿ ಅದು ಹೆಚ್ಚು. ಬಾಯಾರಿದಾಗ ಕುಡಿಯಿರಿ, ಬಲವಂತ ಬೇಡ. ಓಆರ್‌ಎಸ್ ಬಳಸುವುದಾದರೆ ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟರಲ್ಲೇ ಇಡೀ ಪೊಟ್ಟಣ ಕಲಸಬೇಕು. ಲೋಟಕ್ಕೆ ಒಂದು ಚಿಟಿಕೆ ಹಾಕಿದರೆ ಅದು ಓಆರ್‌ಎಸ್ ಆಗುವುದಿಲ್ಲ.

ಬೆಳಿಗ್ಗೆ ದಿನವೂ ಕಾಫಿ ಕುಡಿಯುವವರು ಅಂದೂ ಕುಡಿಯಿರಿ. ಕೆಫೀನ್ ಓಟಕ್ಕೆ ನೆರವಾಗುತ್ತದೆಂದು ಸಾಕಷ್ಟು ಅಧ್ಯಯನಗಳಿವೆ. ಕುಡಿಯದವರು ಅಂದು ಶುರುಮಾಡಬೇಡಿ.

ಮಂಡಿ ನೋವೆಂದು ಓಟಕ್ಕೆ ಮೊದಲು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ನುಂಗುವವರಿದ್ದಾರೆ. ಬೆವರಿ ಬತ್ತಿದ ಮೈಯಲ್ಲಿ ಇವು ಮೂತ್ರಪಿಂಡಕ್ಕೆ ರಕ್ತ ಹರಿಯುವುದನ್ನು ಕಡಿಮೆ ಮಾಡುತ್ತವೆ. ಮಾತ್ರೆಯಿಲ್ಲದೆ ಓಡಲಾಗದಷ್ಟು ನೋವಿದ್ದರೆ ಅಂದು ಓಡಬಾರದು, ಅಷ್ಟೇ.

ಹೊಸ ಶೂ, ಹೊಸ ಸಾಕ್ಸ್, ಹೊಸ ಟೀಶರ್ಟ್: ಮೂರೂ ಬೇಡ. ಸಂಘಟಕರು ಕೊಟ್ಟ ಟೀಶರ್ಟನ್ನು ಅಂದೇ ತೊಡುವ ಆಸೆ ಎಲ್ಲರಿಗೂ. ತೊಳೆಯದ ಹೊಸ ಬಟ್ಟೆಯ ಹೊಲಿಗೆ ಕಂಕುಳನ್ನು ಉಜ್ಜಿ ಕೆಂಪು ಮಾಡುತ್ತದೆ. ತೊಡೆಸಂದು, ಕಂಕುಳು, ಗಂಡಸರಾದರೆ ಮೊಲೆತೊಟ್ಟಿಗೂ ವ್ಯಾಸಲೀನ್ ಹಚ್ಚಿ. ಹೆಣ್ಣುಮಕ್ಕಳು ಒಳಉಡುಪಿನ ಪಟ್ಟಿ ತಾಗುವ ಕಡೆ ಮರೆಯಬೇಡಿ. ಹತ್ತಿಯ ಸಾಕ್ಸ್ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಬೊಕ್ಕೆ ಎಬ್ಬಿಸುತ್ತದೆ. ಕಾಲುಗುರು ಕತ್ತರಿಸುವುದು ಬುಧವಾರವೇ ಮುಗಿಯಲಿ, ನೇರವಾಗಿ, ತೀರಾ ಒಳಕ್ಕೆ ಹೋಗದಂತೆ.

ಶನಿವಾರ ರಾತ್ರಿ ನಿದ್ದೆ ಬರುವುದಿಲ್ಲ. ಬಹುಪಾಲು ಓಟಗಾರರಿಗೆ ಹೀಗೇ, ಒಂದು ರಾತ್ರಿಯ ಕೊರತೆಯಿಂದ ಕಾಲಿನ ಶಕ್ತಿ ಹೋಗದು. ಗುರುವಾರ, ಶುಕ್ರವಾರ ಚೆನ್ನಾಗಿ ಮಲಗಿ.

ಸೆಪ್ಟೆಂಬರ್ ನಡುವೆ ಶ್ರೀರಂಗಪಟ್ಟಣದಲ್ಲಿ ಸೂರ್ಯ ಹುಟ್ಟುವುದು 6.10ರ ಸುಮಾರಿಗೆ. ಓಟ ಶುರುವಾಗುವುದೂ ಆ ಹೊತ್ತಿಗೇ, ಹಾಗಾಗಿ ತಿಂಡಿ ಎರಡು ಮೂರು ಗಂಟೆ ಮೊದಲೇ ಆಗಬೇಕು. ಕೆ.ಆರ್. ಪೇಟೆ, ನಾಗಮಂಗಲದಿಂದ ಬರುವವರಿಗೆ 40 ಕಿ.ಮೀ. ಮೀರಿದ ದಾರಿ. ಬೆಳಗಿನ ಮೊದಲ ಬಸ್ ನಂಬಿಕೊಂಡರೆ ಆಗದು. ಶ್ರೀರಂಗಪಟ್ಟಣದಲ್ಲಿ ಅಕ್ಕನೋ ಚಿಕ್ಕಪ್ಪನೋ ಇದ್ದರೆ ಹಿಂದಿನ ರಾತ್ರಿಯೇ ಬಂದು ಉಳಿಯಿರಿ, ಬಾಡೂಟ ಮಾತ್ರ ಮಾಡಿಸಬೇಡಿರೆಂದು ಫೋನಿನಲ್ಲೇ ಹೇಳಿಬಿಡಿ.

ಈ ವಾರದ ಅಭ್ಯಾಸಕ್ಕೆ ರಸ್ತೆ ಆರಿಸುವಾಗ ಎಚ್ಚರ. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಮೂರನ್ನೂ ಹೊಲಿದುಕೊಂಡು ಹೋಗುವುದು 150ಎ ರಾಷ್ಟ್ರೀಯ ಹೆದ್ದಾರಿ. ಕಬ್ಬಿನ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್‌ಗಳು ಎದುರಾಗುತ್ತವೆ. ಮಿನುಗುವ ಪಟ್ಟಿಯ ಅಂಗಿ ಹಾಕಿ, ಬರುವ ವಾಹನಕ್ಕೆ ಎದುರಾಗಿ ಓಡಿ. ನಾಲೆ ಏರಿಯಲ್ಲಿ ಕತ್ತಲಲ್ಲಿ ಒಬ್ಬರೇ ಬೇಡವೇ ಬೇಡ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಹೋದರು, ಅದರಲ್ಲಿ ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಇದ್ದರು. ಆ ನೀರು ತುಂಬಿ ಹರಿಯುವಾಗ ಈಜು ಬಂದವರಿಗೂ ದಡ ಸಿಗುವುದು ಕಷ್ಟ.

ರಂಗನತಿಟ್ಟಿನ ಹೊಳೆಯಲ್ಲಿ ಮೊಸಳೆಗಳಿವೆ. ಓಟ ಮುಗಿಸಿ ಕಾಲು ತಣಿಸಲೆಂದು ನೀರಿಗೆ ಇಳಿಯಬೇಡಿ.

ಜ್ವರವಿದ್ದರೆ ಓಡಬಾರದು. ವೈರಸ್ ಜ್ವರದಲ್ಲಿ ಮೈ ದಂಡಿಸಿದರೆ ಹೃದಯದ ಸ್ನಾಯು ಊದಿಕೊಳ್ಳುವ ಅಪಾಯವಿದೆ. ಬರೀ ಮೂಗು ಸೋರುತ್ತಿದ್ದರೆ ನಿಧಾನವಾಗಿ ಓಡಬಹುದು. ಎದೆಯಲ್ಲಿ ಕಫ, ಮೈಕೈ ನೋವು, ಜ್ವರ ಇದ್ದರೆ ಮನೆಯಲ್ಲಿರಿ. ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದವರು ಇನ್ನೂ ವೈದ್ಯರನ್ನು ಕಂಡಿಲ್ಲವಾದರೆ ನಾಳೆಯೇ ಹೋಗಿ. ನಾಗಮಂಗಲ ತಾಲ್ಲೂಕಿನವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಉಳಿದವರಿಗೆ ಮಂಡ್ಯದ ಮಿಮ್ಸ್ ಇದೆ. ಓಡುವಾಗ ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿ, ಪಕ್ಕದವರನ್ನು ಕೂಗಿ.

ಗೆರೆ ದಾಟಿದ ಕೂಡಲೇ ಕೂರಬೇಡಿ. ಓಡುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ಕಣ್ಣು ಕತ್ತಲಿಡುತ್ತದೆ. ಹತ್ತು ನಿಮಿಷ ನಡೆಯಿರಿ.

ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಯ ಹಿಂಬದಿ ಖಾಲಿ ಇರುತ್ತದೆ. ಅಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, ನುಂಗುವ ಮಾತ್ರೆಗಳು, ಮನೆಯವರ ಫೋನ್ ನಂಬರ್ ಬರೆಯಿರಿ. ಚೀಟಿ ಕೈಗೆ ಬಂದ ದಿನವೇ ಬರೆದುಬಿಡಿ, ಭಾನುವಾರ ಬೆಳಗಿನ ಗಡಿಬಿಡಿಯಲ್ಲಿ ಪೆನ್ನು ಸಿಗುವುದಿಲ್ಲ.